ಅವಳ ಕಿವಿಗೆ ಮಾತ್ರ

"ಮೇಡಂ, ನನ್ನ ದನಿ ಕೇಳಿಸ್ತಿದೆಯಾ?"

ಎರಡೂ ಕಿವಿಗಳನ್ನು ಬಿಗಿಯಾಗಿ ಮುಚ್ಚಿದ್ದ ಇಯರ್‌ಫೋನಿನೊಳಗಿಂದ ಆ ಮಾತು ಬಂದಾಗ ಅವಳು ತೀರ್ಪುಗಾರರ ಕುರ್ಚಿಯಲ್ಲಿ ಕುಳಿತು, ಕಾಲಿಗೆ ತೊಡರುತ್ತಿದ್ದ ವೈರನ್ನು ಮೇಜಿನಡಿಗೆ ಸರಿಸುತ್ತಿದ್ದಳು. ಕೈ ಅಲ್ಲೇ ನಿಂತಿತು.

ಆ ದನಿ!

ಮೂರು ವರ್ಷ, ನಾಲ್ಕು ತಿಂಗಳು...

ಅವಳು ತಲೆಯೆತ್ತಿದಳು. ಸ್ಟುಡಿಯೋದ ಆ ತುದಿಯಲ್ಲಿ ಗಾಜಿನ ಕೋಣೆ. ಅದರೊಳಗೆ, ನೂರಾರು ಗುಂಡಿಗಳಿದ್ದ ಮೇಜಿನ ಹಿಂದೆ ಅವನು. ಅದೇ ಬಾಗಿದ ಬೆನ್ನು. ಹಣೆಯ ಮೇಲಕ್ಕೆ ತಳ್ಳಿಕೊಂಡ ಅದೇ ಕನ್ನಡಕ.

"ಮೇಡಂ?"

ಅವಳು ಹೆಬ್ಬೆರಳೆತ್ತಿ ತೋರಿಸಿದಳು. ಕೇಳಿಸುತ್ತಿದೆ.

ಎದೆ ಬಡಿದುಕೊಳ್ಳಬಹುದು, ಕಣ್ಣು ತುಂಬಬಹುದು, ಕೊನೆಗೆ ಕೋಪವಾದರೂ ಬರಬಹುದು ಎಂದು ಕಾದಳು. ಏನೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ಕೆನ್ನೆಯ ಹಾಗೆ ಒಳಗೆಲ್ಲ ದಪ್ಪಗಿತ್ತು. ಮುಟ್ಟಿದರೆ ಮುಟ್ಟಿದ್ದು ತಿಳಿಯುತ್ತದೆ. ಯಾರ ಕೆನ್ನೆ ಎಂದು ತಿಳಿಯುವುದಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಹಿರಿಯ ಸಂಗೀತ ನಿರ್ದೇಶಕರು ಅವಳತ್ತ ಬಾಗಿದರು. ಎಲ್ಲರೂ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು.

"ಏನಮ್ಮಾ, ಆ ಸೌಂಡ್ ಇಂಜಿನಿಯರ್ ನಿಂಗೆ ಗೊತ್ತಾ? ದೆವ್ವ ಕಂಡವಳ ಹಾಗೆ ನೋಡ್ತಿದೀಯ!"

"ಹಿಂದೆ ಒಟ್ಟಿಗೆ ಕೆಲಸ ಮಾಡಿದ್ವಿ, ದೊಡ್ಡಪ್ಪ."

ಅಷ್ಟೇ ಹೇಳಿದಳು. ಮದುವೆಗೆ ದಿನ ಗೊತ್ತಾಗಿತ್ತು ಎನ್ನುವುದನ್ನು ಹೇಳಲಿಲ್ಲ.

ಆಗ ಅವಳು ಹಾಡುತ್ತಿದ್ದಳು. ಅವನು ರೆಕಾರ್ಡ್ ಮಾಡುತ್ತಿದ್ದ. ಒಂದು ವರ್ಷ ಅವಳ ಮೇಲಿನ ಸ್ವರಗಳು ಸ್ವಲ್ಪ ಸ್ವಲ್ಪವೇ ಜಾರತೊಡಗಿದವು. ಅವನ ಕಿವಿಗೆ ಅದು ಮೊದಲ ದಿನವೇ ಗೊತ್ತಾಯಿತು. ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದು ಅವನು ಕಂಪ್ಯೂಟರಿನಲ್ಲಿ ಆ ಸ್ವರಗಳನ್ನು ಒಂದೊಂದಾಗಿ ಎತ್ತಿ ಸರಿಯಾದ ಜಾಗದಲ್ಲಿ ಕೂರಿಸಿದ. ಆಮೇಲೆ ಅವಳಿಗೆ ಕೇಳಿಸಿದ. "ನೋಡು, ಎಷ್ಟು ಚೆನ್ನಾಗಿ ಬಂದಿದೆ!" ಎಂದ. ಅವಳು ನಂಬಿದಳು.

ಎಂಟು ತಿಂಗಳು ನಂಬಿದಳು.

ಗಂಟಲಿನ ಡಾಕ್ಟರ ಬಳಿಗೆ ಹೋಗುವ ಹೊತ್ತಿಗೆ ಧ್ವನಿತಂತುಗಳ ಮೇಲಿನ ಗಂಟುಗಳು ಗಟ್ಟಿಯಾಗಿದ್ದವು. ಆಪರೇಷನ್ ಆಯಿತು. ಮಾತು ಉಳಿಯಿತು, ಹಾಡು ಉಳಿಯಲಿಲ್ಲ. ಅವನು ಸ್ವರಗಳನ್ನು ತಿದ್ದುತ್ತಿದ್ದುದು ಗೊತ್ತಾದಾಗ, ಮದುವೆ ಬೇಡವೆಂದು ಒಂದು ಚೀಟಿಯಲ್ಲಿ ಬರೆದು ಕಳಿಸಿದಳು. ಅಂದಿನಿಂದ ಅವಳ ಬಳಿ ಉಳಿದದ್ದು ಕಿವಿ ಒಂದೇ. ಒಂದು ಕೂದಲೆಳೆ ಶ್ರುತಿ ತಪ್ಪಿದರೂ ಹಿಡಿಯುವ ಕಿವಿ. ಅದನ್ನು ನಂಬಿಯೇ ಟೀವಿ ವಾಹಿನಿಯವರು ಹಾಡಿನ ಸ್ಪರ್ಧೆಗೆಂದು ಅವಳನ್ನು ಈ ಕುರ್ಚಿಯಲ್ಲಿ ಕೂರಿಸಿದ್ದರು.

ಆದರೆ ಮೊದಲ ದಿನವೇ ಏನೋ ಎಡವಟ್ಟಾಯಿತು.

ಮೊದಲ ಸ್ಪರ್ಧಿಗೆ ಅವಳು ಐದು ಅಂಕ ಕೊಟ್ಟಳು. ದೊಡ್ಡಪ್ಪ ಒಂಬತ್ತು ಕೊಟ್ಟರು. ಮೂರನೆಯ ತೀರ್ಪುಗಾರನಾದ ಸಿನಿಮಾ ನಟ ಕೂಡ ಒಂಬತ್ತು. ಎರಡನೆಯ ಸ್ಪರ್ಧಿಗೂ ಹಾಗೇ, ಮೂರನೆಯವನಿಗೂ ಹಾಗೇ.

ನಾಲ್ಕು ವಾರಗಳಲ್ಲಿ ಪ್ರೇಕ್ಷಕರು ಅವಳಿಗೆ ಹೆಸರಿಟ್ಟರು. 'ಫ್ರಿಜ್ ಮೇಡಂ.'

"ಅಲ್ಲ ಕಣೇ, ಆ ಟೀಚರ್ ಎಷ್ಟು ಇಂಪಾಗಿ ಹಾಡಿದಳು! ನನ್ನ ಕಣ್ಣಲ್ಲಿ ನೀರು ಬಂತು. ಅವಳಿಗೆ ನಾಲ್ಕು ಕೊಡ್ತೀಯಾ? ನಾಲ್ಕು!"

ಇದು ಅಕ್ಕ. ತಂಗಿಯ ಕಾರ್ಯಕ್ರಮವನ್ನು ಒಂದು ವಾರವೂ ತಪ್ಪಿಸದವಳು.

"ಟೀವಿಲಿ ಬರೋದನ್ನ ಆಮೇಲೆ ತಿದ್ದಿರ್ತಾರೆ, ಅಕ್ಕ. ಅಲ್ಲಿ ಕೂತು ಕೇಳಿದ್ರೆ ಬೇರೆ."

"ದೊಡ್ಡಪ್ಪನೂ ಅಲ್ಲೇ ಕೂತಿದ್ರಲ್ಲೇ! ಅವರಿಗೇನು ಕಿವಿಲಿ ಹತ್ತಿ ತುರುಕಿದ್ರಾ?"

ಅಕ್ಕ ನಗುತ್ತಾ ಪಾತ್ರೆ ತೊಳೆಯಲು ಹೋದಳು. ತಂಗಿ ನಗಲಿಲ್ಲ. ಅವಳೂ ನಾಲ್ಕು ವಾರಗಳಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಅದು.

ಟೀಚರ್ ಎಂದರೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ಸ್ಪರ್ಧಿ. ನಲವತ್ತು ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು. ಆ ವಾರ ಅವಳು ಹಾಡಿದಾಗ ಮೇಲಿನ ಸ್ವರದಲ್ಲಿ ಸ್ವರಕ್ಕಿಂತ ಮೊದಲು ಗಾಳಿ ಸೋರಿತ್ತು. ಪಂಕ್ಚರ್ ಆದ ಟಯರಿನಿಂದ ಬರುವಂಥ ಸಣ್ಣ ಉಸಿರು. ತೀರ್ಪುಗಾರರ ಕುರ್ಚಿಯಲ್ಲಿದ್ದ ಇವಳಿಗೆ ಆ ಸದ್ದು ಗೊತ್ತಿತ್ತು. ಒಮ್ಮೆ ಅದು ಇವಳ ಗಂಟಲಿನಲ್ಲೇ ಇತ್ತು.

"ನೀವು ಗಂಟಲಿನ ಡಾಕ್ಟರಿಗೆ ತೋರಿಸಿ, ಟೀಚರ್," ಎಂದಿದ್ದಳು ಮೈಕಿನಲ್ಲಿ.

ಸಭೆ ಹೋ ಎಂದು ಕೂಗಿತ್ತು. ನಟ, "ಮೇಡಂ, ನಾವು ಹೃದಯದ ಡಾಕ್ಟರಿಗೆ ತೋರಿಸ್ಕೋಬೇಕು, ಹಾಗೆ ಹಾಡಿದ್ದಾರೆ!" ಎಂದು ಚಪ್ಪಾಳೆ ಗಿಟ್ಟಿಸಿದ್ದ. ಟೀಚರ್ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗಿದ್ದಳು.

'ಇಲ್ಲದ ರೋಗವನ್ನು ನಾನೇ ಕೇಳಿಸಿಕೊಂಡೆನೇ? ದನಿ ಹೋಯಿತು. ಈಗ ಕಿವಿಯೂ ಹೋಗುತ್ತಿದೆಯೇ?'

ಅವಳಿಗೆ ಭಯವೂ ಆಗಲಿಲ್ಲ. ಬಸ್ ತಪ್ಪಿತು ಎನ್ನುವಷ್ಟೇ ತಣ್ಣಗೆ, ರಾಜೀನಾಮೆಯ ಪತ್ರ ಬರೆದು ಚೀಲದಲ್ಲಿಟ್ಟುಕೊಂಡಳು. ಕೊಡುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸಿಬಿಡೋಣ ಎಂದುಕೊಂಡಳು. ಅಳೆಯದೆ ತೀರ್ಪು ಕೊಡುವುದು ಅವಳ ಅಭ್ಯಾಸವಲ್ಲ.

ಕ್ಲಿನಿಕ್ಕಿನ ಪುಟ್ಟ ಕೋಣೆಯಲ್ಲಿ ಹೊರಗಿನ ಸದ್ದೇ ಇರಲಿಲ್ಲ. ಕೈಯಲ್ಲೊಂದು ಗುಂಡಿ. ಸದ್ದು ಕೇಳಿದಾಗ ಒತ್ತಬೇಕು. ದಪ್ಪ ಸದ್ದು, ಸಣ್ಣ ಸದ್ದು, ಇದೆಯೋ ಇಲ್ಲವೋ ಎನ್ನುವಂಥ ಸದ್ದು... ಇಪ್ಪತ್ತು ನಿಮಿಷ ಅವಳು ಒತ್ತುತ್ತಾ ಹೋದಳು.

ಪರೀಕ್ಷಿಸಿದವರು ಗ್ರಾಫಿನ ಹಾಳೆ ಮುಂದಿಟ್ಟರು. ಎರಡು ಗೆರೆಗಳೂ ಮೇಲುಗಡೆ ನೇರವಾಗಿ ಮಲಗಿದ್ದವು.

"ನಿಮ್ಮ ಕಿವಿಗೆ ಇನ್ನೂ ಇಪ್ಪತ್ತರ ವಯಸ್ಸು ಮೇಡಂ. ಇಲ್ಲಿಗೆ ಯಾಕೆ ಬಂದ್ರಿ?"

ಅವಳು ಹಾಳೆ ಹಿಡಿದು ಮೆಟ್ಟಿಲ ಮೇಲೆ ಕುಳಿತಳು. ಕಿವಿ ಸರಿ ಇದೆ. ಹಾಡು ಒಂದೇ. ಕೇಳುವವರು ಮೂವರು. ಫಲಿತಾಂಶ ಮಾತ್ರ ಎರಡು. ಹಾಗಾದರೆ ನೋಡದೆ ಉಳಿದಿರುವುದು ಹಾಡಿಗೂ ಕಿವಿಗೂ ನಡುವಿನ ವೈರ್.

ಮರುದಿನ ಬೆಳಗಿನ ರಿಹರ್ಸಲ್. ವೇದಿಕೆಯ ಮೇಲೆ ಟೀಚರ್ ಹಾಡುತ್ತಿದ್ದಳು.

"ದೊಡ್ಡಪ್ಪ, ನಿಮ್ಮ ಇಯರ್‌ಫೋನ್ ಒಂದು ನಿಮಿಷ ಕೊಡ್ತೀರಾ?"

"ಯಾಕಮ್ಮಾ? ನನ್ನ ಕಿವಿಯ ಕೊಳೆಯೆಲ್ಲ ಅದರಲ್ಲೇ ಇದೆ!"

"ಪರವಾಗಿಲ್ಲ, ಕೊಡಿ."

ಹಾಕಿಕೊಂಡಳು.

ಒಳಗೆ ಬೇರೆಯದೇ ಹೆಂಗಸು ಹಾಡುತ್ತಿದ್ದಳು. ಜಾರಿಕೆಯಿಲ್ಲ, ಗಾಳಿಯಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲದ ದನಿ. ತನ್ನದನ್ನು ಮತ್ತೆ ಹಾಕಿಕೊಂಡಳು. ಮತ್ತೆ ಆ ಟಯರ್... ಮತ್ತೆ ಆ ಉಸಿರು.

ಅವಳು ಎದ್ದು ಗಾಜಿನ ಕೋಣೆಗೆ ನಡೆದಳು. ಅವನು ಅವಳು ಬರುವುದನ್ನು ದೂರದಿಂದಲೇ ನೋಡಿದ. ಓಡಿಹೋಗುವ ಜಾಗವಿದ್ದಿದ್ದರೆ ಓಡುತ್ತಿದ್ದನೇನೋ.

"ಅವರಿಗೆಲ್ಲ ಏನು ಕಳಿಸ್ತಿದೀಯ?"

"...ತಿದ್ದಿದ್ದು. ಹಾಡ್ತಾ ಇರುವಾಗಲೇ ತಿದ್ದೋ ಮಷಿನ್ ಬಂದಿದೆ. ತೀರ್ಪುಗಾರರಿಗೆ, ಸಭೆಗೆ, ಹಾಡೋರ ಕಿವಿಗೂ ಅದನ್ನೇ ಕೊಡು ಅಂತ ಮೇಲಿನವರ ಆರ್ಡರ್. ಯಾರಿಗೂ ಹೇಳಬಾರದು ಅಂತಾನೂ."

"ನಂಗೆ?"

"ನಿಂಗೆ ಇದ್ದದ್ದನ್ನ ಇದ್ದ ಹಾಗೆ." ಅವನು ಗುಂಡಿಗಳನ್ನೇ ನೋಡುತ್ತಾ ಹೇಳಿದ. "ಇನ್ನೊಂದು ಸಲ ನಿನ್ನ ಕಿವಿಗೆ ಸುಳ್ಳು ಹಾಕಲ್ಲ ಅಂತ ಶಪಥ ಮಾಡಿದ್ದೆ."

ಪ್ರೀತಿಯ ಮಾತೇ ಅದು. ಅವಳಿಗೆ ಅರ್ಥವೂ ಆಯಿತು. ಆದರೆ ಮುಟ್ಟಲಿಲ್ಲ.

"ನಾಲ್ಕು ವಾರ ನನ್ನ ಕಿವಿ ಕೆಟ್ಟಿದೆ ಅಂದುಕೊಂಡಿದ್ದೆ. ನಿನ್ನೆ ಪರೀಕ್ಷೆ ಮಾಡಿಸ್ಕೊಂಡು ಬಂದೆ."

ಅವನ ಮುಖದ ಬಣ್ಣ ಹೋಯಿತು. "ಅಯ್ಯೋ... ನಾನು... ನೀನು ಒಬ್ಬಳೇ ನಿಜ ಕೇಳ್ತೀಯ, ಅಷ್ಟು ಸಾಕು ಅಂದುಕೊಂಡೆ."

"ಅವತ್ತು ನಾನೇನು ಕೇಳಬಾರದು ಅಂತ ನೀನೇ ತೀರ್ಮಾನ ಮಾಡಿದೆ. ಇವತ್ತು ಏನು ಕೇಳಬೇಕು ಅಂತ. ಎರಡು ಸಲವೂ ನಂಗೆ ಹೇಳಲಿಲ್ಲ."

ಅವನು ಹಣೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಆ ಟೀಚರ್ ಗಂಟಲಲ್ಲಿ ಏನಿದೆ ಅಂತ ನಿಂಗೂ ಗೊತ್ತು."

"ಗೊತ್ತು. ನೀನು ಹೇಳಿದ್ರೆ ನಂಬ್ತಾಳೆ ಅಂತ..."

"ನಿನ್ನ ಹೊರೆ ನನ್ನ ತಲೆ ಮೇಲೆ. ಯಾರು ನಂಬಿದ್ರು ನನ್ನನ್ನ? ಅವಳ ಕಿವಿಲೂ ಚಿನ್ನದಂಥ ದನಿ ಓಡ್ತಿದೆ. ಅವಳನ್ನ ಈಗಲೇ ಒಳಗೆ ಕರಿ. ಅವಳದೇ ದನಿ ಅವಳಿಗೆ ಕೇಳಿಸು."

"ಕೇಳಿಸಿದ್ರೆ ನನ್ನ ಕೆಲಸ ಇಲ್ಲಿಗೆ ಮುಗೀತು."

"ಹೌದು."

ಅವನು ವೇದಿಕೆಗೆ ಮಾತನಾಡುವ ಮೈಕಿನ ಗುಂಡಿ ಒತ್ತಿ, "ಟೀಚರ್, ಸ್ವಲ್ಪ ಒಳಗೆ ಬರ್ತೀರಾ?" ಎಂದ.

ಟೀಚರ್ ಆಗಷ್ಟೇ ಹಾಡಿದ್ದರ ತಿದ್ದದ ರೆಕಾರ್ಡಿಂಗನ್ನು ಕೇಳಿದಳು. ಮೊದಲ ಸಲ ನಕ್ಕಳು, ಇದು ನಾನಲ್ಲ ಎಂದಳು. ಎರಡನೆಯ ಸಲ ನಗಲಿಲ್ಲ. ಮೂರನೆಯ ಸಲ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು, "ಸಂಜೆ ಹೊತ್ತಿಗೆ ನೋಯುತ್ತೆ ಮೇಡಂ. ಕಿವಿಗೆ ಚೆನ್ನಾಗೇ ಕೇಳಿಸ್ತಿತ್ತಲ್ಲ, ಅದಕ್ಕೆ ಸುಮ್ಮನಿದ್ದೆ..." ಎಂದಳು.

ಮಧ್ಯಾಹ್ನದೊಳಗೆ ಅವನನ್ನು ಕೆಲಸದಿಂದ ತೆಗೆದರು. ಇವಳ ರಾಜೀನಾಮೆಯ ಪತ್ರ ಚೀಲದಲ್ಲೇ ಉಳಿಯಿತು. ಬದಲಿಗೆ ಅವಳು ಒಂದು ಷರತ್ತು ಹಾಕಿದಳು: ಮೂವರ ಕಿವಿಗೂ ತಿದ್ದದ ದನಿಯೇ ಬರಬೇಕು. ದೊಡ್ಡಪ್ಪ ಮೇಜು ಗುದ್ದಿದರು. "ನಲವತ್ತು ವರ್ಷದ ಸಂಗೀತಗಾರನಿಗೆ ಗಿಲೀಟು ಕೊಟ್ಟು ಬಂಗಾರ ಅಂದ್ರೇನ್ರಯ್ಯಾ! ಅವಳು ಹೇಳಿದ ಹಾಗೆ ಮಾಡಿ, ಇಲ್ಲ ಅಂದ್ರೆ ನಾನೂ ಎದ್ದೆ!" ವಾಹಿನಿಯವರು ಒಪ್ಪಿದರು.

ಒಂಬತ್ತು ದಿನಗಳ ನಂತರ, ಒಂದು ಭಾನುವಾರ ಮಧ್ಯಾಹ್ನ, ಅವಳು ಅವನ ಮನೆಯ ಬಾಗಿಲು ತಟ್ಟಿದಳು. ಮೂರನೆಯ ಮಹಡಿ. ಅವನು ಬಾಗಿಲು ತೆಗೆದ. ಮೊಣಕೈವರೆಗೆ ಸೋಪಿನ ನೊರೆ, ಹೆಗಲ ಮೇಲೆ ಹಿಂಡಿದ ಅಂಗಿ.

"ನೀನಾ!"

"ಟೀಚರ್ ವಿಷಯ ಹೇಳೋಕೆ ಬಂದೆ. ಗಂಟು ಚಿಕ್ಕದು. ಆಪರೇಷನ್ ಬೇಡವಂತೆ. ಎರಡು ತಿಂಗಳು ಗಟ್ಟಿ ಮಾತಾಡಬಾರದು, ಆಮೇಲೆ ಉಸಿರಿನ ಅಭ್ಯಾಸ. ಬೋರ್ಡ್ ಮೇಲೆ ಬರೆದೇ ಪಾಠ ಮಾಡ್ತಾಳಂತೆ. ಮಕ್ಕಳಿಗೆ ಬೈಗುಳವೇ ಇಲ್ಲ, ಕುಣೀತಿದ್ದಾರಂತೆ."

ಅವನು ನಕ್ಕ. "ಹಾಡು?"

"ವಾಪಸ್ ಬರುತ್ತೆ ಅಂದ್ರಂತೆ ಡಾಕ್ಟರು. ಪೂರ್ತಿ."

ಹೇಳಿದ್ದಾಯಿತು. ಇನ್ನು ಹೊರಡಬೇಕು. ಆದರೆ 'ಪೂರ್ತಿ' ಎಂಬ ಮಾತು ಬಾಯಿಂದ ಹೊರಟ ಮೇಲೆ ಅವಳ ಎದೆಯಲ್ಲಿ ಏನೋ ಕದಲಿತು. ಜೋಮು ಹಿಡಿದ ಕಾಲಿಗೆ ರಕ್ತ ಮರಳುವಾಗಿನ ಹಾಗೆ, ಸಾವಿರ ಸೂಜಿ ಒಟ್ಟಿಗೆ...

"ಎರಡು ತಿಂಗಳು! ನಂಗೂ ಎರಡು ತಿಂಗಳು ಸುಮ್ಮನಿದ್ರೆ ಸಾಕಾಗ್ತಿತ್ತು! ಮೊದಲ ದಿನ ನೀನು ಹೇಳಿದ್ದಿದ್ರೆ! ಒಂದೇ ಒಂದು ಮಾತು, ಇವತ್ತು ಚೆನ್ನಾಗಿ ಹಾಡಲಿಲ್ಲ ಕಣೇ ಅಂತ!"

ಕೂಗಿದಳು. ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಕೂಗಿದಳು. ದನಿ ನಡುವೆ ಒಡೆದು, ಕೀರಲಾಗಿ, ಮೆಟ್ಟಿಲಿನುದ್ದಕ್ಕೂ ಕೆಳಗಿಳಿಯಿತು. ಕೆಳಗಿನ ಮನೆಯ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

ಅವನು ತಲೆ ತಗ್ಗಿಸಲಿಲ್ಲ. ಅವಳ ಕಣ್ಣಲ್ಲೇ ಕಣ್ಣಿಟ್ಟು ನಿಂತು ಎಲ್ಲವನ್ನೂ ಕೇಳಿದ.

"ಹೌದು. ನನ್ನಿಂದಲೇ ಹೋಯ್ತು. ನೀನು ಅಳೋದನ್ನ ನೋಡೋ ಧೈರ್ಯ ನಂಗಿರಲಿಲ್ಲ. ಅದಕ್ಕೆ ಪ್ರೀತಿ ಅಂತ ಹೆಸರಿಟ್ಟುಕೊಂಡಿದ್ದೆ. ಕ್ಷಮಿಸು ಅಂತ ಕೇಳಲ್ಲ. ಆದ್ರೆ ನೀನಿಲ್ಲದೆ ನಂಗೆ ಏನೂ ಸರಿಯಾಗಿಲ್ಲ. ಇದನ್ನಾದ್ರೂ ಮುಚ್ಚಿಡದೆ ಹೇಳ್ತಿದೀನಿ."

ಅವಳು ಕೆನ್ನೆ ಮುಟ್ಟಿಕೊಂಡಳು. ಒದ್ದೆ. ಬಿಸಿ. ತನ್ನದೇ ಕೆನ್ನೆ.

"ಈಗ ಕೂಗಿದೆನಲ್ಲ... ಹೇಗಿತ್ತು ನನ್ನ ದನಿ?"

ಅವನು ತಡವರಿಸಿದ.

"ಕೆಟ್ಟದಾಗಿತ್ತು. ಹಳೇ ಗೇಟು ತೆಗೆದ ಹಾಗೆ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅವನ ಕಣ್ಣೂ ತುಂಬಿತು. ನೊರೆಯ ಕೈಯಿಂದ ಒರೆಸಿಕೊಳ್ಳಲು ಹೋಗಿ ಉರಿಯೆಂದು ಒದ್ದಾಡಿದ.

"ಪೆದ್ದ! ಸೋಪು ಕಣೋ!" ಅವಳು ತನ್ನ ಕರ್ಚೀಫಿನಿಂದ ಅವನ ಕಣ್ಣೊರೆಸಿದಳು. "ನನ್ನ ಕೋಪ ಇನ್ನೂ ಹೋಗಿಲ್ಲ, ಗೊತ್ತಾಯ್ತಾ? ಈಗಷ್ಟೇ ಬಂದಿದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ವರ್ಷಾನುಗಟ್ಟಲೆ ಇರಬಹುದು. ಪಕ್ಕದಲ್ಲೇ ಇದ್ದು ನೋಡ್ಕೋ."

"ಇರ್ತೀನಿ."

"ಊಟ ಆಯ್ತಾ?"

"ಇಲ್ಲ."

"ಆ ಅಂಗಿ ಒಣಹಾಕಿ ಬಾ. ನಾನು ಇಲ್ಲೇ ನಿಂತಿರ್ತೀನಿ."