ತೊಟ್ಟಿಯೊಳಗಿನ ಚುಕ್ಕಿಗಾಜು

ತೊಟ್ಟಿಯಲ್ಲಿ ನೀರಿತ್ತು. ಗಾಜಿನ ಗಡ್ಡೆ ಇರಲಿಲ್ಲ.

ಕಲ್ಲಿಗೆ ಸಾಣೆ ಹಿಡಿಯುವವಳು ಮೊಣಕೈವರೆಗೆ ಕೈಯಿಳಿಸಿ ತಡಕಿದಳು. ತೊಟ್ಟಿ ಒಂದೇ ಮೊಳ ಆಳ, ತಡಕುವುದಕ್ಕೇನಿದೆ. ಆದರೂ ತಡಕಿದಳು. ಆಮೇಲೆ ಒದ್ದೆ ಕೈಯಲ್ಲೇ ಅತ್ತಿಗೆಗೆ ಫೋನು ಮಾಡಿದಳು.

"ಅತ್ತಿಗೆ, ಚುಕ್ಕಿಗಾಜು ಕಾಣ್ತಿಲ್ಲ."

"ಏನನ್ನೂ ಮುಟ್ಟಬೇಡ. ಬಂದೆ."

ಬೀದಿಯವರಿಗೆ ಅತ್ತಿಗೆ ಪೊಲೀಸ್ ಇನ್ಸ್‌ಪೆಕ್ಟರ್. ಈ ಮನೆಗೆ ಹಿರಿಯ ಸೊಸೆ, ಸಾಣೆ ಕೆಲಸದ ಈ ನಾದಿನಿಗೆ ಅತ್ತಿಗೆ. ಮಾತು ಕಡಿಮೆ. ಠಾಣೆಯಲ್ಲೂ ಅಷ್ಟೇ. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂರುತ್ತಾಳೆ. ಆ ಮೌನವನ್ನು ತಡೆಯಲಾರದೆ ಎದುರಿನವರು ತಾವಾಗಿಯೇ ಬಾಯಿಬಿಡುತ್ತಾರೆ.

ಕಾರ್ಖಾನೆ ಎಂದರೆ ಮನೆಯ ಹಿಂದಿನ ಒಂದೇ ಕೋಣೆ. ಒಂದು ಕಡೆ ಕಲ್ಲು ಸೀಳುವ ಗರಗಸ, ಸಾಣೆಚಕ್ರ. ಇನ್ನೊಂದು ಕಡೆ ನಾದಿನಿಯ ಗಂಡನ ಬೆಳ್ಳಿ ಕೆಲಸದ ಮಣೆ. ಮಣೆಯ ಮೇಲೆ ಅರ್ಧ ಮುಗಿದ ಉಂಗುರಗಳು ಹಾಗೇ ಬಿದ್ದಿದ್ದವು. ಬೆಳ್ಳಿ ತಂತಿಯ ಸುರುಳಿಯೂ ಇತ್ತು. ಓಣಿಗೆ ತೆರೆಯುವ ಕಿಟಕಿ ಮಾತ್ರ ಬರೀ ಮುಚ್ಚಿಕೊಂಡಿತ್ತು, ಚಿಲಕ ಹಾಕಿರಲಿಲ್ಲ.

"ಬೆಳ್ಳಿ ಬಿಟ್ಟು ಗಾಜು ಒಯ್ದ ಕಳ್ಳ," ಎಂದಳು ಅತ್ತಿಗೆ. "ಯಾವಾಗ?"

"ನಿನ್ನೆ ಸಂಜೆಯೇ ಇರಬೇಕು. ಅಪ್ಪನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ವಿ. ಮನೇಲಿ ಯಾರೂ ಇರಲಿಲ್ಲ."

"ನೀರಲ್ಲಿ ಯಾಕೆ ಇಟ್ಟಿದ್ದೆ?"

"ಅದು ಗಾಜಲ್ವಾ ಅತ್ತಿಗೆ. ಗರಗಸಕ್ಕೆ ಬಿಡೋ ತಣ್ಣೀರು ಒಮ್ಮೆಲೇ ತಾಗಿದ್ರೆ ಸೀಳು ಬಿಡುತ್ತೇನೋ ಅಂತ ಭಯ. ಅದಕ್ಕೆ ಅದೇ ನೀರಲ್ಲಿ ಮುಳುಗಿಸಿಟ್ಟೆ. ಕಲ್ಲಾಗಿದ್ರೆ ಇಡ್ತಿರಲಿಲ್ಲ."

"ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ಆಸ್ಪತ್ರೆಗೆ ಹೊರಡೋ ಗಡಿಬಿಡೀಲಿ ಹೊಳೀತು, ಇಟ್ಟೆ. ಇವರಿಗೂ ಹೇಳಿಲ್ಲ."

ಬಾಗಿಲಲ್ಲಿ ನಿಂತಿದ್ದ ಗಂಡ ತಲೆಯಾಡಿಸಿದ. ಏನೂ ಹೇಳಲಿಲ್ಲ. ಎಂದೂ ಬಾಯಿ ಮುಚ್ಚದ ಮನುಷ್ಯ. ಅತ್ತಿಗೆ ಅದನ್ನು ಗಮನಿಸಿದಳು.

ತೊಟ್ಟಿಯ ತಳದಲ್ಲಿ ಕಂದು ಕೆಸರು ಕೂತಿತ್ತು. ಒಂದು ಚಮಚ ಬಾಟಲಿಗೆ ಹಾಕಿಕೊಂಡಳು.

* * *

ಚುಕ್ಕಿಗಾಜಿಗಾಗಿ ನಾದಿನಿ ಅಲೆಯದ ಅಂಗಡಿಯಿಲ್ಲ. ಜೇನಿನ ಬಣ್ಣದ ಗಾಜು, ಒಳಗೆ ತಾಮ್ರದ ಕಣಗಳು. ಬೆಳಕಿಗೆ ಹಿಡಿದರೆ ಯಾರೋ ಚುಕ್ಕಿಗಳನ್ನು ಹಿಡಿದು ತುಂಬಿಟ್ಟಂತೆ. ಈಗಲೂ ಅಂಥ ಗಾಜು ಸಿಗುತ್ತದೆ, ಹಿಟ್ಟಿನಂಥ ಸಣ್ಣ ಮಿನುಗಿನದು. ಆ ದಪ್ಪ ಚುಕ್ಕಿ ಬರುತ್ತಿದ್ದದ್ದು ಊರಾಚೆಯ ಒಂದೇ ಗಾಜಿನ ಕುಲುಮೆಯಲ್ಲಿ. ಕುಲುಮೆಯ ಯಜಮಾನ ಹೋದ. ಹದವೂ ಅವನ ಜೊತೆಗೇ ಹೋಯಿತು.

ನಾದಿನಿಯ ಅಪ್ಪ, ಅತ್ತಿಗೆಗೆ ಮಾವ, ಹಿಂದೆ ಆ ಗಾಜಿನಲ್ಲಿ ಅತ್ತೆಗೊಂದು ಹಾರ ಮಾಡಿದ್ದರು. ಕುಲುಮೆ ಆರಿದಾಗ ಕಲ್ಲು ಕೂರಿಸುವ ನಾಲ್ಕು ಕುಂದಣ ಖಾಲಿ ಉಳಿದವು. ಅತ್ತೆ ಅದನ್ನು ಹಾಗೇ ಹಾಕಿಕೊಂಡರು. ಯಾರಾದರೂ ಕೇಳಿದರೆ, "ಇದಕ್ಕೆ ನನಗಿಂತ ಮೊದಲೇ ಹಲ್ಲು ಬಿತ್ತು," ಎನ್ನುತ್ತಿದ್ದರು.

ಈಗ ಮಾವನ ಕಣ್ಣು ಮಸುಕಾಗುತ್ತಿದೆ. ಇನ್ನು ಕೆಲವು ತಿಂಗಳು, ಎಂದಿದ್ದರು ಡಾಕ್ಟರು. ಆ ಮಿನುಗು ಅಪ್ಪನ ಕಣ್ಣಿಗೆ ಇನ್ನೂ ಕಾಣುತ್ತಿರುವಾಗಲೇ ನಾಲ್ಕು ಕಲ್ಲು ಕೂರಬೇಕು. ನಾದಿನಿಯ ಹಟ ಅಷ್ಟೇ. ಕಲ್ಲಿನ ವ್ಯಾಪಾರಿಯೊಬ್ಬ ಕೊನೆಗೂ ಒಂದು ಗಡ್ಡೆ ತಂದುಕೊಟ್ಟಾಗ, ತನ್ನ ಬಳಿಯಿದ್ದ ಒಳ್ಳೆಯ ಕಲ್ಲುಗಳನ್ನೆಲ್ಲ ಗಂಟುಕಟ್ಟಿ ಅವನ ಕೈಗಿಟ್ಟಿದ್ದಳು. ಈ ಬೆಳಿಗ್ಗೆ ಅತ್ತಿಗೆಯ ಎದುರೇ ಅವನಿಗೂ ಫೋನು ಮಾಡಿ, ಗಡ್ಡೆ ಕಳೆದುಹೋಯ್ತು ಎಂದಿದ್ದಳು.

"ಮಾವ," ಎಂದಳು ಅತ್ತಿಗೆ, "ಯಾರ ಮೇಲಾದರೂ ಅನುಮಾನ?"

"ಎದುರುಮನೆ ಗೊಣಗಪ್ಪ ಅರ್ಧ ಕೊಡು ಅಂತ ದುಂಬಾಲು ಬಿದ್ದಿದ್ದ," ಎಂದರು ಮಾವ. "ಆದ್ರೆ ಅವನು ಕದಿಯೋ ಪೈಕಿ ಅಲ್ಲಮ್ಮ. ಕದ್ದರೆ ಗೊಣಗೋಕೆ ಏನು ಉಳಿಯುತ್ತೆ?"

* * *

ಎದುರುಮನೆಯವನೂ ಸಾಣೆ ಕೆಲಸದವನೇ. ಅವನ ಚಕ್ರದ ಕೆಳಗಿನ ತಟ್ಟೆಯಲ್ಲಿ ಕೆಂಪು ಮಿಶ್ರಿತ ಕಂದು ಕೆಸರು. ಅತ್ತಿಗೆಯ ಕಣ್ಣು ಅಲ್ಲೇ ನಿಂತಿತು.

"ನೋಡಿ, ನೋಡಿ," ಗೊಣಗಿದ ಗೊಣಗಪ್ಪ. "ಬೀದೀಲಿ ಏನೇ ಕಳೆದ್ರೂ ನನ್ನ ತಟ್ಟೇನೇ ನೋಡಬೇಕಲ್ಲ."

ಅವಳು ಸುಮ್ಮನಿದ್ದಳು.

"ಅದು ಕೆಂಪು ಅಕೀಕು ಕಲ್ಲಿನ ಕೆಸರು. ಬೇಕಾದ್ರೆ ಒಣಗಿಸಿ ನೋಡಿ, ತಾಮ್ರದ ಒಂದು ಕಣ ಸಿಕ್ಕರೆ ಕೇಳಿ."

ಅವಳು ಇನ್ನೂ ಸುಮ್ಮನಿದ್ದಳು.

"ಸರಿ, ಹೇಳ್ತೀನಿ. ನಿನ್ನೆ ಮಧ್ಯಾಹ್ನ ನಿಮ್ಮ ನಾದಿನಿ ಗಂಡ ಆ ಕಿಟಕೀಲಿ ಬೀಡಿ ಸೇದ್ತಾ ಇದ್ದ. ಹೆಂಡತಿ ಬಂದಳು ಅಂತ ಎಸೆದು ಒಳಗೆ ಓಡಿದ. ಚಿಲಕ ಹಾಕೋದು ಮರೆತಿರ್ತಾನೆ. ನಾನು ಹೇಳಿದೆ ಅನ್ನಬೇಡಿ."

ಅತ್ತಿಗೆ ಅವನ ತಟ್ಟೆಯ ಕೆಸರನ್ನು ಕಾಗದದ ಮೇಲೆ ಬಿಸಿಲಿಗಿಟ್ಟು ನೋಡಿದಳು. ಮಿನುಗು ಇರಲಿಲ್ಲ.

ಹಿತ್ತಲಲ್ಲಿ ನಾದಿನಿಯ ಗಂಡ ಸಿಕ್ಕಿದ.

"ಅಕ್ಕಾ, ಅದು..."

"ಬೀಡಿ."

ಅವನು ನೆಲ ನೋಡಿದ. "ಬಿಟ್ಟಿದ್ದೀನಿ ಅಂತ ಇವಳ ತಲೆ ಮೇಲೆ ಕೈಯಿಟ್ಟು ಹೇಳಿದ್ದೆ. ಈಗ ನನ್ನಿಂದಾನೇ ಹೋಯ್ತಲ್ಲ ಅಕ್ಕಾ."

"ಕಿಟಕಿ ತೆಗೆದವನು ನೀನು. ಒಳಗೆ ಬಂದವನು ಬೇರೆ," ಎಂದಳು. ಅವನ ಮೌನಕ್ಕೆ ಅಷ್ಟೇ ಕಾರಣವಿದ್ದದ್ದು ಅವಳಿಗೆ ಸಮಾಧಾನ ಕೊಟ್ಟಿತು. ಮನೆಯೊಳಗಿನ ಮೌನಗಳಿಗೆ ಅವಳು ಹೆದರುತ್ತಿದ್ದಳು. ಠಾಣೆಯವು ಪರವಾಗಿಲ್ಲ.

ಆಮೇಲೆ ಬಾಟಲಿಯನ್ನು ಮಾವನ ಕೈಗಿಟ್ಟಳು. "ಕುಲುಮೆಯ ಗಡ್ಡೆ ಮೇಲೆ ಮಣ್ಣು ಮೆತ್ತಿರುತ್ತಲ್ಲ ಮಾವ. ನೀರಿಗೆ ಹಾಕಿದ್ರೆ ಬಿಡುತ್ತಾ?"

"ಗಾಜು ಕರಗಿಸೋ ಮೂಸೆ ಮಣ್ಣು ತಾನೆ? ಗಾಜಿನ ಜೊತೆಗೇ ಬೆಂದು ಇಟ್ಟಿಗೆ ಆಗಿರುತ್ತೆ. ಉಳೀಲಿ ಕೆತ್ತಿದ್ರೂ ಸುಲಭಕ್ಕೆ ಬಿಡಲ್ಲ." ಮಾವ ಕೆಸರನ್ನು ಬೆರಳುಗಳ ನಡುವೆ ಉಜ್ಜಿದರು. "ಇದೇನಮ್ಮ, ಬೇಯದ ಹಸಿ ಮಣ್ಣು."

* * *

ಕಲ್ಲಿನ ವ್ಯಾಪಾರಿಯ ಅಂಗಡಿ ಮಾರುಕಟ್ಟೆಯ ಹಿಂದೆ. ನೆಲದಿಂದ ಸೂರಿನವರೆಗೂ ಚೀಲಗಳು. ವ್ಯಾಪಾರಿ ಕುರ್ಚಿ ಒರೆಸಿ ಕೊಟ್ಟ. ಮುಖ ಜೋಲುಬಿದ್ದಿತ್ತು.

"ಬೆಳಿಗ್ಗೆ ಫೋನಲ್ಲಿ ಕೇಳಿ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯ್ತು ಮೇಡಂ. ನಿನ್ನೆ ಎಷ್ಟು ಖುಷೀಲಿದ್ದರು. ನಾಳೆ ಸೀಳ್ತೀನಿ, ಇವತ್ತು ಸಂಜೆ ಅಪ್ಪನ್ನ ಡಾಕ್ಟರಿಗೆ ತೋರಿಸ್ಕೊಂಡು ಬರ್ತೀನಿ ಅಂತಿದ್ದರು."

"ಯಾರು ಕದ್ದಿರಬಹುದು?"

ಕೇಳಿ ಸುಮ್ಮನಾದಳು. ಹೊರಗೆ ಯಾರೋ ಕೈಗಾಡಿ ತಳ್ಳಿಕೊಂಡು ಹೋದರು. ಸದ್ದು ಅಡಗಿತು. ಅವಳು ಅಲುಗಲಿಲ್ಲ.

"ಇದೇ ಕಸುಬಿನವರು ಯಾರೋ," ಎಂದ ವ್ಯಾಪಾರಿ. ಮತ್ತೆ ಮೌನ. "ಎದುರುಮನೆಯವರ ಕಣ್ಣಿತ್ತು ಅಂತ ಕೇಳಿದ್ದೆ." ಮತ್ತೆ ಮೌನ. ಅವನು ಕತ್ತಿನ ಬೆವರೊರೆಸಿದ. "ಯಾರಾದರೂ ಗಟ್ಟಿ ಕೈಯವರೇ ಬಿಡಿ. ಆ ಭಾರಾನ ನೀರಿಂದ ಎತ್ತೋದು ಅಂದ್ರೆ ಜಾರೋದಿಲ್ವಾ."

ಅತ್ತಿಗೆ ನಿಧಾನವಾಗಿ ತಲೆಯಾಡಿಸಿದಳು.

"ಫೋನಲ್ಲಿ ನಾದಿನಿ ಹೇಳಿದ್ದು ಗಡ್ಡೆ ಕಳೆದುಹೋಯ್ತು ಅಂತ ಮಾತ್ರ. ನಾನು ಪಕ್ಕದಲ್ಲೇ ಇದ್ದೆ. ನೀರಲ್ಲಿತ್ತು ಅಂತ ನಿಮಗೆ ಯಾರು ಹೇಳಿದ್ದು?"

"ಎಲ್ಲರೂ ನೀರಲ್ಲೇ..."

"ಕಲ್ಲನ್ನ ಯಾರೂ ಇಡಲ್ಲ. ಗಾಜು ಅಂತ ಅವಳು ಇಟ್ಟಳು, ಗಂಡನಿಗೂ ಹೇಳದೆ."

ವ್ಯಾಪಾರಿ ಎದ್ದು ನಿಂತ. "ನನ್ನ ಮಾಲು ನಾನೇ ಯಾಕೆ ಕದೀಲಿ ಮೇಡಂ? ಬೆಲೆಬಾಳೋದಾದ್ರೆ ಮೊದಲೇ ಮಾರ್ತಿರಲಿಲ್ಲ."

"ಬೆಲೆ ಬಾಳಲ್ಲ ಅಂತಾನೇ ಕದ್ದಿರಿ." ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ನಿಜವಾದ ಗಡ್ಡೆ ಮೇಲಿನ ಮಣ್ಣು ಬೆಂದಿರುತ್ತೆ. ಇದು ಒಂದು ಸಂಜೆಯ ನೀರಿಗೇ ಕರಗಿದೆ. ಮಾಮೂಲಿ ಕಂದು ಗಾಜಿಗೆ ಮಣ್ಣು ಬಳಿದಿದ್ದೀರಿ. ಒಂದು ಮೂಲೇಲಿ ಒಳಗಿನದು ಕಾಣಲಿ ಅಂತ ಉಜ್ಜಿ ಹೊಳಪು ಕೊಡ್ತೀರಲ್ಲ, ಅಲ್ಲಿ ಮಾತ್ರ ನಿಜವಾದ ಚೂರು ಅಂಟಿಸಿದ್ದೀರಿ. ನಾಳೆ ಸೀಳ್ತೀನಿ ಅಂತ ಅವಳು ಅಂದಾಗ ನಿಮಗೆ ನಡುಕ ಹುಟ್ಟಿತು. ಗರಗಸ ಒಂದು ಸಲ ಇಳಿದ್ರೆ ನಿಮ್ಮ ಬಣ್ಣ ಬಯಲು. ಕಳೆದುಹೋದ್ರೆ ಮಾತ್ರ ಅದು ಯಾವತ್ತೂ ಅಸಲಿಯಾಗೇ ಉಳಿಯುತ್ತೆ. ಕಿಟಕಿ ಮುರಿಯೋಕೆ ಬಂದಿರಿ, ಅದು ತೆರೆದೇ ಇತ್ತು."

ಠಾಣೆಯವರು ಬಂದು ಹುಡುಕಿದರು. ಮೂಲೆಯ ಚೀಲದಡಿ ಗೋಣಿಯಲ್ಲಿ ಸುತ್ತಿದ ಗಡ್ಡೆ ಸಿಕ್ಕಿತು. ಮಣ್ಣು ಅರ್ಧ ಉದುರಿ ಬೋಳಾಗಿತ್ತು. ಪಕ್ಕದಲ್ಲೇ ನಾದಿನಿಯ ಕಲ್ಲುಗಳ ಗಂಟು. ಇನ್ನೂ ಬಿಚ್ಚಿರಲಿಲ್ಲ.

"ಆ ಚೂರು ಅಸಲಿ," ಎಂದಳು ಅತ್ತಿಗೆ. "ಎಲ್ಲಿಂದ ಬಂತು?"

ಸುಮ್ಮನೆ ಕೂತಳು. ಈ ಸಲ ಹೆಚ್ಚು ಹೊತ್ತು ಬೇಕಾಗಲಿಲ್ಲ.

* * *

ಕುಲುಮೆ ಯಜಮಾನನ ಅಕ್ಕ, ವಯಸ್ಸಾದ ಅಜ್ಜಿ, ಊರಾಚೆಯ ಪುಟ್ಟ ಮನೆಯಲ್ಲಿದ್ದಳು. ಮಾವನನ್ನೂ ಕರೆದುಕೊಂಡು ಎಲ್ಲರೂ ಅಲ್ಲಿಗೆ ಹೋದರು. ಗಾಳಿ ಜೋರು. ಬೀದಿ ಬಾಗಿಲು ಬಡಿಯದಂತೆ ಒಂದು ಗಡ್ಡೆ ಒತ್ತು ಕೊಟ್ಟಿತ್ತು. ಮಣ್ಣು ಹಿಡಿದ, ಕುರೂಪದ ಗಡ್ಡೆ. ಒಂದು ಮೂಲೆ ಹೊಸದಾಗಿ ಒಡೆದಿತ್ತು. ಆ ಗಾಯದ ಮೇಲೆ ಬಿಸಿಲು ಬಿದ್ದು ಚುಕ್ಕಿಗಳು ಮಿನುಗುತ್ತಿದ್ದವು.

ನಾದಿನಿ ಹೊಸಿಲ ಮುಂದೆಯೇ ಕುಕ್ಕರಿಸಿದಳು.

"ಆ ವ್ಯಾಪಾರಿ ಬಂದು ಕಾಲಲ್ಲಿ ಒದ್ದು ನೋಡಿ ಇದನ್ನ ಕೊಡು ಅಂದ," ಎಂದಳು ಅಜ್ಜಿ. "ಪೀಡೆ ತೊಲಗಲಿ ಅಂತ ಒಂದು ಚೂರು ಕೊಟ್ಟು ಅಟ್ಟಿದೆ. ನೀವ್ಯಾರು?" ಆಮೇಲೆ ಮಾವನನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಇವನು ಆ ಚೌಕಾಸಿಯವನಲ್ವಾ? ಅಂಗೈಯಗಲ ಗಾಜಿಗೆ ಇಡೀ ಮಧ್ಯಾಹ್ನ ನನ್ನ ತಮ್ಮನ ತಲೆ ತಿಂತಿದ್ದ."

"ಹೌದಕ್ಕ," ಎಂದರು ಮಾವ. "ಮದುವೆ ಆಗಿದ್ದ ಹೊಸತು. ಕೈ ಖಾಲಿ."

"ಅವನಿಗೆ ನಿನ್ನ ಕಂಡರೆ ಇಷ್ಟ. ಗಾಜನ್ನ ನೋಡೋಕೆ ಬರೋನು ಇವನೊಬ್ಬ, ಉಳಿದೋರು ಕೊಳ್ಳೋಕೆ ಬರ್ತಾರೆ ಅನ್ನೋನು." ಅಜ್ಜಿ ಗಡ್ಡೆಯನ್ನೊಮ್ಮೆ, ನಾದಿನಿಯನ್ನೊಮ್ಮೆ ನೋಡಿದಳು. "ತಗೊಂಡು ಹೋಗಮ್ಮ. ಆದ್ರೆ ನನ್ನ ಬಾಗಿಲು ಬಡ್ಕೊಳ್ಳಬಾರದು."

"ಆ ನಕಲಿ ಗಡ್ಡೆ ತಂದಿಡೋಣ," ಎಂದಳು ನಾದಿನಿ.

"ಅದು ಸಾಕ್ಷಿ. ಕೇಸು ಮುಗಿಯೋವರೆಗೆ ಠಾಣೇಲೇ ಇರುತ್ತೆ," ಎಂದಳು ಅತ್ತಿಗೆ. ಎಲ್ಲರೂ ನಾದಿನಿಯ ಗಂಡನ ಕಡೆ ತಿರುಗಿದರು. ಬೀಡಿಯ ವಿಷಯ ಅಷ್ಟರಲ್ಲಿ ಅವನೇ ಹೆಂಡತಿಗೆ ಒಪ್ಪಿಸಿಯಾಗಿತ್ತು. ಬೈಗುಳವೂ ಮುಗಿದಿತ್ತು.

ಅವನು ಚೀಲದಿಂದ ಉಪಕರಣ ತೆಗೆದು, ದಪ್ಪ ತಂತಿ ಬಗ್ಗಿಸಿ, ಬಾಗಿಲಿಗೂ ಗೋಡೆಗೂ ಒಂದು ಅಂದವಾದ ಕೊಕ್ಕೆ ಕೂರಿಸಿದ. ಬಳ್ಳಿಯಂತೆ ಸುತ್ತಿದ ಕೊಕ್ಕೆ. ಅಜ್ಜಿ ಜಗ್ಗಿ ನೋಡಿದಳು. ಬಾಗಿಲು ಮಿಸುಕಲಿಲ್ಲ.

"ಚಿಲಕದ ಕೆಲಸ ಚೆನ್ನಾಗಿ ಬರುತ್ತಲ್ಲ ನಿನಗೆ," ಎಂದಳು ಅಜ್ಜಿ, ಏನೂ ಗೊತ್ತಿಲ್ಲದೆ.

ನಾದಿನಿ ನಗು ತಡೆಯಲಾರದೆ ಗಡ್ಡೆಯನ್ನು ಎದೆಗವಚಿಕೊಂಡು ಹೊರಗೆ ನಡೆದಳು.

* * *

ನಾಲ್ಕು ಕಲ್ಲುಗಳೂ ಕೂತ ದಿನ ಮಾವ ಹಾರವನ್ನು ಕಿಟಕಿಯ ಬಳಿ ಒಯ್ದರು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಯಾರೂ ಮಾತಾಡಲಿಲ್ಲ. ಅತ್ತಿಗೆಗೆ ಮೊದಲ ಬಾರಿ ಒಂದು ಮೌನ ಬೇಗ ಮುಗಿಯಲಿ ಎನಿಸಿತು.

"ಕೊನೆಯದರಲ್ಲಿ ಚುಕ್ಕಿ ಜಾಸ್ತಿ," ಎಂದರು ಮಾವ.

ಅತ್ತೆ ಕನ್ನಡಿ ಮುಂದೆ ನಿಂತು ಹಾರ ಕೊರಳಿಗೆ ಹಾಕಿಕೊಂಡರು. ಖಾಲಿಯಿದ್ದ ಜಾಗವನ್ನು ಬೆರಳಿನಿಂದ ಸವರಿದರು.

"ಇದಕ್ಕೆ ಹಲ್ಲು ಕಟ್ಟಿಸಿದ್ದಾಯ್ತು," ಎಂದರು. "ನನಗೆ ಯಾವಾಗ?"