ದೊಡ್ಡವರ ಕಪಾಟಿನ ಪುಸ್ತಕ

“ಅದನ್ನ ಇಲ್ಲಿ ಕೊಡು, ಸಾಂಡಾ.”

ಲೈಬ್ರರಿಯ ಕೊಝ್ಮಾ ಮೇಡಂ ಕೈ ಚಾಚಿ ನಿಂತಿದ್ದರು. ಸಾಂಡಾ ಪುಸ್ತಕವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

“ಬರೀ ನೋಡ್ತಿದ್ದೆ ಮೇಡಂ.”

“ನೋಡೋಕೆ ಮುಖಪುಟ ಸಾಕು. ನೀನು ಆಗಲೇ ಎರಡನೇ ಅಧ್ಯಾಯಕ್ಕೆ ಹೋಗಿದ್ದೀಯ. ಇದು ಹದಿನಾಲ್ಕು ತುಂಬಿದವರಿಗೆ. ನಿನಗೆ ತುಂಬಲಿ, ನಾನೇ ಕರೆದು ಕೊಡ್ತೀನಿ.”

“ಅದಕ್ಕಿನ್ನೂ ಮೂರು ವರ್ಷ ಇದೆ.”

“ಪುಸ್ತಕ ಎಲ್ಲಿಗೂ ಓಡಿಹೋಗಲ್ಲ.”

ಪುಸ್ತಕ ಓಡಿಹೋಗುವುದಿಲ್ಲ, ಸರಿ. ಆದರೆ ಮೂರು ವರ್ಷ ಎಂದರೆ ಎಷ್ಟು ಉದ್ದ ಎಂದು ಸಾಂಡಾಗೆ ಚೆನ್ನಾಗಿ ಗೊತ್ತಿತ್ತು. ಅಮ್ಮ ಇಟಲಿಗೆ ಹೋಗಿ ಅಷ್ಟೇ ವರ್ಷ ಆಗಿತ್ತು.

ರೊಮೇನಿಯಾದ ಹುಶಿ ಪಟ್ಟಣದ ಆ ಲೈಬ್ರರಿಯಲ್ಲಿ, ಕಿಟಕಿಯ ಪಕ್ಕ, ಬೇರೆಯದೇ ಒಂದು ಕಪಾಟಿತ್ತು. ಅದರಲ್ಲಿದ್ದ ಪುಸ್ತಕಗಳೆಲ್ಲ ದೊಡ್ಡವರಿಗಾಗಿ ಬರೆದವು. ಎಲ್ಲವಕ್ಕೂ ಒಂದಲ್ಲ ಒಂದು ದೊಡ್ಡ ಪ್ರಶಸ್ತಿ ಬಂದಿತ್ತು. ಆದರೆ ಅವುಗಳಿಗಾಗಿ ಕಿತ್ತಾಡುತ್ತಿದ್ದವರು ಹೈಸ್ಕೂಲಿನ ಹುಡುಗ ಹುಡುಗಿಯರು. ಪ್ರತಿ ವಸಂತದಲ್ಲೂ ಅವರು ಅವನ್ನು ಓದಿ, ಗುರುವಾರ ಸಂಜೆ ಸುತ್ತ ಕೂತು ಜಗಳವಾಡಿ, ತಮಗೆ ಹೆಚ್ಚು ಹಿಡಿಸಿದ್ದಕ್ಕೆ ತಮ್ಮದೇ ಬಹುಮಾನ ಕೊಡುತ್ತಿದ್ದರು. ಬಹುಮಾನ ಎಂದರೆ ಒಂದು ಕೆಂಪು ರಿಬ್ಬನ್, ಅಷ್ಟೇ. ಆದರೂ ಜಗಳ ಜೋರಾಗಿಯೇ ಇರುತ್ತಿತ್ತು.

ಈ ಸಲ ಎಲ್ಲರ ಬಾಯಲ್ಲೂ ಒಂದೇ ಪುಸ್ತಕ: ‘ಬೇರೆಯವರ ಅಡುಗೆಮನೆ’. ವೆಟಾ ಎಂಬ ಹೆಂಗಸು ಮಗನನ್ನು ರೊಮೇನಿಯಾದಲ್ಲಿ ಬಿಟ್ಟು, ಇಟಲಿಯಲ್ಲಿ ಒಬ್ಬ ಮುದುಕನನ್ನು ನೋಡಿಕೊಳ್ಳಲು ಹೋಗುವ ಕತೆ.

ಸಾಂಡಾಳ ಅಮ್ಮ ಮಾಡುತ್ತಿದ್ದುದೂ ಅದೇ ಕೆಲಸ. ಪಾದುವಾ ಊರಿನಲ್ಲಿ ಒಬ್ಬ ವಯಸ್ಸಾದ ಹೆಂಗಸಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮದ್ದು ಕೊಡುವುದು. ಅಪ್ಪ ಸಾಂಡಾ ತೊಟ್ಟಿಲಲ್ಲಿದ್ದಾಗಲೇ ತೀರಿಹೋಗಿದ್ದ. ಮನೆಯಲ್ಲಿ ಈಗ ಅವಳು, ಅಜ್ಜಿ, ಒಂದಿಷ್ಟು ಕೋಳಿಗಳು. ಅಮ್ಮ ಈಸ್ಟರ್ ಹಬ್ಬಕ್ಕೆ ಬರುತ್ತೇನೆ ಎಂದಿದ್ದಳು. ಹಬ್ಬದ ಮೊಟ್ಟೆಗೆ ಬಣ್ಣ ಹಚ್ಚುವುದನ್ನು ನಾನು ಬರುವವರೆಗೆ ಇಟ್ಟುಕೊಂಡಿರಿ ಎಂದೂ ಹೇಳಿದ್ದಳು. ಆಮೇಲೆ ಆ ಮುದುಕಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

“ಅವರನ್ನ ಈಗ ಬಿಟ್ಟು ಬರೋಕಾಗಲ್ಲ ಕಂದ,” ಎಂದಿದ್ದಳು ಅಮ್ಮ ಫೋನಿನಲ್ಲಿ.

ಸಾಂಡಾ ಫೋನನ್ನು ಅಜ್ಜಿಯ ಕೈಗೆ ಕೊಟ್ಟಿದ್ದಳು. ಮುಂದಿನ ಭಾನುವಾರ ಫೋನು ರಿಂಗಾದಾಗ ಕೋಳಿಗೂಡಿನ ಹಿಂದೆ ಹೋಗಿ ನಿಂತಿದ್ದಳು. ಅಜ್ಜಿ ಎಷ್ಟು ಕರೆದರೂ ಬಂದಿರಲಿಲ್ಲ.

ಗುರುವಾರ ಸಂಜೆ ಸಾಂಡಾ ಮತ್ತೆ ಲೈಬ್ರರಿಗೆ ಹೋದಳು. ದೊಡ್ಡವರ ಕಪಾಟಿನ ಹತ್ತಿರದ ಟೇಬಲ್ಲಿನಲ್ಲಿ ಗಣಿತದ ಪುಸ್ತಕ ತೆರೆದಿಟ್ಟುಕೊಂಡು ಕೂತಳು. ಹಿಂದೆ ಹೈಸ್ಕೂಲಿನವರ ಜಗಳ ಶುರುವಾಗಿತ್ತು.

“ಏಯ್ ಪುಟಾಣಿ,” ಎಂದ ಎಮಿಲ್ ಎಂಬ ಉದ್ದನೆಯ ಹುಡುಗ. “ಒಂದೇ ಲೆಕ್ಕ ಎಷ್ಟೊತ್ತು ನೋಡ್ತೀಯ? ಕಿವಿ ನೋಡು, ಮೊಲದ ಥರ ನಮ್ಮ ಕಡೆ ತಿರುಗಿದೆ.”

“ಸುಮ್ನಿರೋ, ಪಾಪ,” ಎಂದಳು ದೊಯ್ನಾ. ಅವಳು ಸಾಂಡಾಳ ಪಕ್ಕದ ಮನೆಯವಳು. “ನಾನು ಹೇಳ್ತಿದ್ದೆನಲ್ಲ, ನಮ್ಮ ಚಿಕ್ಕಮ್ಮ ಸ್ಪೇನ್‌ನಲ್ಲಿ ಇದ್ರು. ಅಲ್ಲಿ ಹೇಗಿತ್ತು ಅಂದ್ರೆ ‘ಚೆನ್ನಾಗಿತ್ತು’ ಅಂತಷ್ಟೇ ಹೇಳ್ತಿದ್ರು. ಈ ಪುಸ್ತಕ ಓದಿದ್ಮೇಲೆ ಅವರ ಹತ್ರ ಹೋಗಿ, ‘ಚಿಕ್ಕಮ್ಮ, ನೀವು ಮಲಗ್ತಿದ್ದಿದ್ದು ಎಲ್ಲಿ?’ ಅಂತ ಕೇಳಿದೆ. ಸಾಯಂಕಾಲ ಪೂರ್ತಿ ಹೇಳಿದ್ರು.”

“ಇದನ್ನ ದೊಡ್ಡವರಿಗೆ ಬರೆದಿದ್ದಂತೆ,” ಎಂದ ಎಮಿಲ್. “ದೊಡ್ಡವರಿಗೆ ಇದೆಲ್ಲ ಮೊದಲೇ ಗೊತ್ತು. ಗೊತ್ತಿಲ್ಲದೆ ಇರೋದು ನಮಗೆ.”

ಸಾಂಡಾ ಪೆನ್ಸಿಲ್ ಕೆಳಗಿಟ್ಟಳು. ಅಮ್ಮ ಎಲ್ಲಿ ಮಲಗುತ್ತಾಳೆ? ತನಗೂ ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲಿಲ್ಲ.

ಮನೆಗೆ ಬಂದಾಗ ಅಜ್ಜಿ ಕೈಗೆ ಹಳೇ ಗ್ಲೌಸ್ ಹಾಕಿಕೊಂಡು, ಸೂಪಿಗೆಂದು ತಂದ ತುರಿಕೆ ಸೊಪ್ಪನ್ನು ಬಿಡಿಸುತ್ತಿದ್ದಳು.

“ಮುಖ ಯಾಕೆ ಹುಳಿ ಮಜ್ಜಿಗೆ ಆಗಿದೆ?”

“ಕೊಝ್ಮಾ ಮೇಡಂ ಪುಸ್ತಕ ಕೊಡಲ್ಲಂತೆ. ದೊಡ್ಡವರದಂತೆ.”

“ಅದ್ರಲ್ಲಿ ಅಂಥದ್ದೇನಿದೆ?”

“ಇಟಲಿಗೆ ಕೆಲಸಕ್ಕೆ ಹೋದವಳ ಕತೆ.”

ಅಜ್ಜಿಯ ಕೈ ಸೊಪ್ಪಿನಲ್ಲೇ ನಿಂತಿತು. “ಯಾರು ಬರೆದಿದ್ದು?”

“ಒಬ್ಬ ಹೆಂಗಸು. ಅವಳೂ ಅಲ್ಲಿ ಅದೇ ಕೆಲಸ ಮಾಡಿದ್ಳಂತೆ.”

“ಹಾಗಾದ್ರೆ ಸುಳ್ಳಿರಲ್ಲ,” ಎಂದು ಅಜ್ಜಿ ಮತ್ತೆ ಸೊಪ್ಪು ಬಿಡಿಸತೊಡಗಿದಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಆ ಭಾನುವಾರವೂ ಸಾಂಡಾ ಫೋನಿಗೆ ಬರಲಿಲ್ಲ. ಸೋಮವಾರ ಸ್ಕೂಲು ಬಿಟ್ಟಾಗ ಅಜ್ಜಿ ಗೇಟಿನಲ್ಲಿ ನಿಂತಿದ್ದಳು. ಚರ್ಚಿಗೆ ಹೋಗುವಾಗ ಕಟ್ಟುವ ಹೂವಿನ ಸ್ಕಾರ್ಫ್ ಕಟ್ಟಿಕೊಂಡಿದ್ದಳು. “ನಡಿ,” ಎಂದಳು, ಅಷ್ಟೇ.

ಲೈಬ್ರರಿಯಲ್ಲಿ ಅವಳು ನೇರವಾಗಿ ಕೊಝ್ಮಾ ಮೇಡಂ ಮುಂದೆ ಹೋಗಿ ನಿಂತಳು.

“ನಂಗೊಂದು ಕಾರ್ಡು ಬೇಕು.”

“ನಿಮಗಾ, ಅಗ್ರಿಪಿನಾ ಅವರೇ?”

“ಯಾಕೆ, ನಂಗಿನ್ನೂ ಹದಿನಾಲ್ಕು ತುಂಬಿಲ್ವಾ?”

ಮೂಲೆಯಲ್ಲಿ ಕೂತಿದ್ದ ಎಮಿಲ್ ಕಿಸಕ್ಕನೆ ನಕ್ಕ. ಕೊಝ್ಮಾ ಮೇಡಂ ನಗಲಿಲ್ಲ. ಸಾಂಡಾಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ನಾನು ಬರೀ ವಯಸ್ಸು ನೋಡಿ ಬೇಡ ಅಂದಿದ್ದಲ್ಲ. ಓದಿ ಮಗು ಮನಸ್ಸಿಗೆ ಹಚ್ಚಿಕೊಂಡ್ರೆ ಅಂತ ಭಯ.”

“ಈಗ ಹಚ್ಚಿಕೊಂಡಿಲ್ಲ ಅಂದ್ಕೊಂಡ್ರಾ?” ಎಂದಳು ಅಜ್ಜಿ. “ಪುಸ್ತಕ ಕೊಡಿ. ನನ್ನ ಕಣ್ಣು ಮಂಜು. ಇವಳು ಓದ್ತಾಳೆ, ನಾನು ಕೇಳ್ತೀನಿ. ಇಬ್ರೂ ಒಟ್ಟಿಗೆ ಇರ್ತೀವಲ್ಲ.”

ಕೊಝ್ಮಾ ಮೇಡಂ ಹೊಸ ಕಾರ್ಡಿನ ಮೇಲೆ ಅಜ್ಜಿಯ ಹೆಸರು ಬರೆದರು. ಆಮೇಲೆ ಕಪಾಟಿನ ಕಡೆ ನಡೆದರು.

ಅಂದಿನಿಂದ ದಿನಾ ಸಾಂಡಾ ಸ್ಕೂಲಿನಿಂದ ಬಂದು ಓದುತ್ತಿದ್ದಳು. ಅಜ್ಜಿ ಒಲೆಯ ಪಕ್ಕ ಕೂತು ಕೇಳುತ್ತಿದ್ದಳು. ಸುಮ್ಮನೆ ಕೇಳುತ್ತಿದ್ದಳೇ? ಇಲ್ಲ. ಪುಸ್ತಕದವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. ಇಟಲಿಯ ಮುದುಕ ಸೂಪು ಚೆನ್ನಾಗಿಲ್ಲ ಎಂದು ತಟ್ಟೆ ತಳ್ಳಿದಾಗ, “ಉಪವಾಸ ಬೀಳ್ಲಿ ಬಿಡು, ಸೊಕ್ಕು ಇಳಿಯುತ್ತೆ,” ಎಂದು ಬೈದಳು. ವೆಟಾ ಭಾಷೆ ಬಾರದೆ ಅಂಗಡಿಯಲ್ಲಿ ಕೋಳಿ ಬೇಕೆಂದು ಹೇಳಲು ಕೋಳಿಯ ಹಾಗೆ ಕೂಗಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಶನಿವಾರ ಓದಿದ ಪುಟದಲ್ಲಿ ನಗುವಂಥದ್ದೇನೂ ಇರಲಿಲ್ಲ.

ವೆಟಾಳ ಮಗ ಫೋನಿನಲ್ಲಿ, ‘ಊಟ ಮಾಡಿದ್ಯಾ ಅಮ್ಮಾ?’ ಎಂದು ಕೇಳುತ್ತಾನೆ. ‘ಮಾಡಿದೆ ಮಗನೇ. ಸೂಪು, ಮಾಂಸ, ಆಮೇಲೆ ಹಣ್ಣು,’ ಎನ್ನುತ್ತಾಳೆ ಅವಳು. ಆಗ ಅವಳು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಟಬ್ಬಿನ ಅಂಚಿನ ಮೇಲೆ ಕೂತಿರುತ್ತಾಳೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಒಣಗಿದ ಬ್ರೆಡ್ಡು. ಮುದುಕನಿಗೆ ಕೇಳಿಸಬಾರದೆಂದು ನಲ್ಲಿ ಸಣ್ಣಗೆ ಬಿಟ್ಟಿರುತ್ತಾಳೆ.

ಸಾಂಡಾ ಬೆರಳನ್ನು ಪುಟದಲ್ಲೇ ಇಟ್ಟು ಪುಸ್ತಕ ಮುಚ್ಚಿದಳು.

ಪ್ರತಿ ಭಾನುವಾರ ಅವಳೂ ಕೇಳುತ್ತಿದ್ದಳು, ಊಟ ಆಯ್ತಾ ಎಂದು. ಹೊಟ್ಟೆ ತುಂಬ ಆಯ್ತು ಎನ್ನುತ್ತಿದ್ದಳು ಅಮ್ಮ. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

“ನಿಮ್ಮಮ್ಮ ಚಿಕ್ಕವಳಿದ್ದಾಗ ಅವಳಿಗೆ ಸುಳ್ಳು ಹೇಳೋಕೆ ಬರ್ತಿರಲಿಲ್ಲ,” ಎಂದಳು ಅಜ್ಜಿ ಒಲೆಯನ್ನೇ ನೋಡುತ್ತಾ. “ಹೇಳಿದ್ರೆ ಕಿವಿ ಕೆಂಪಗಾಗ್ತಿತ್ತು.”

“ಫೋನಲ್ಲಿ ಕಿವಿ ಕಾಣಲ್ಲ ಅಜ್ಜಿ.”

“ಹೂಂ. ಕಾಣಲ್ಲ.”

ಅಂದು ಅವರು ಮುಂದೆ ಓದಲಿಲ್ಲ. ಅಜ್ಜಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಮಾಮಲಿಗಾ, ತಿರುವಿದಳು. ಸಾಂಡಾ ಅದಕ್ಕೆ ಚೀಸ್ ತುರಿದಳು. ಇಬ್ಬರಿಗೂ ಹೆಚ್ಚು ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಫೋನು ರಿಂಗಾದಾಗ ಅಜ್ಜಿಯ ಕೈಯೆಲ್ಲ ಹಿಟ್ಟಾಗಿತ್ತು. ಅವಳು ಕರೆಯುವ ಮೊದಲೇ ಸಾಂಡಾ ಫೋನು ಎತ್ತಿದಳು.

“ಅಮ್ಮಾ.”

“ಸಾಂಡಾ? ನನ್ನ ಮೇಲೆ ಕೋಪ ಹೋಯ್ತಾ?”

“ಸ್ವಲ್ಪ ಇದೆ. ಅಮ್ಮಾ, ನೀನೀಗ ಎಲ್ಲಿ ಕೂತಿದ್ದೀಯ?”

“ಎಲ್ಲಿ ಅಂದ್ರೆ? ಯಾಕೆ?”

“ಸುಮ್ನೆ. ಗೊತ್ತಾಗ್ಬೇಕು.”

“ಮೆಟ್ಟಿಲ ಮೇಲೆ,” ಎಂದಳು ಅಮ್ಮ ನಿಧಾನವಾಗಿ. “ಬಾಗಿಲ ಹೊರಗೆ. ಅವರು ಈಗಷ್ಟೇ ಮಲಗಿದ್ರು. ಒಳಗೆ ಮಾತಾಡಿದ್ರೆ ಎದ್ದುಬಿಡ್ತಾರೆ.”

“ಯಾವಾಗ್ಲೂ ಅಲ್ಲೇನಾ?”

“ಹೂಂ.”

“ಚಳಿಗಾಲದಲ್ಲೂ?”

“ಕೋಟು ಹಾಕ್ಕೋತೀನಿ ಕಂದ.”

ಇಷ್ಟು ದಿನವೂ ಸಾಂಡಾಳ ಮನಸ್ಸಿನಲ್ಲಿ ಅಮ್ಮ ಒಂದು ದೊಡ್ಡ ಕೋಣೆಯಲ್ಲಿ, ಮೆತ್ತನೆಯ ಸೋಫಾದ ಮೇಲೆ ಕೂತು ಮಾತಾಡುತ್ತಿದ್ದಳು. ಆ ಸೋಫಾದ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತು! ಅದು ಈಗ ಇಲ್ಲವೇ ಇಲ್ಲವಾಯಿತು. ಅವಳು ಫೋನು ಹಿಡಿದುಕೊಂಡೇ ಬಾಗಿಲು ತೆರೆದು ಹೊರಗೆ ಬಂದಳು.

“ಊಟ ಆಯ್ತಾ?” ಎಂದಳು ಅಮ್ಮ.

“ಆಯ್ತು. ನಿಂದು?”

“ಹೊಟ್ಟೆ ತುಂಬ.”

ಏನು ತಿಂದೆ ಎಂಬ ಮಾತು ಸಾಂಡಾಳ ನಾಲಗೆಯ ತುದಿಗೆ ಬಂತು. ಅವಳು ಅದನ್ನು ಅಲ್ಲೇ ನಿಲ್ಲಿಸಿಕೊಂಡಳು.

“ಸರಿ ಅಮ್ಮ.”

“ಅದೇನು ಗಾಳಿ ಸದ್ದು? ಎಲ್ಲಿದ್ದೀಯ ನೀನು?”

“ನಾನೂ ಮೆಟ್ಟಿಲ ಮೇಲೆ ಕೂತೆ.”

“ಚಳಿ ಇದ್ಯಲ್ಲೇ, ಒಳಗೆ ಹೋಗು.”

“ನೀನು ಹೋದಾಗ ಹೋಗ್ತೀನಿ.”

ಸಾಂಡಾ ಕಲ್ಲಿನ ಮೇಲೆ ಕಾಲು ಮಡಚಿ, ಸ್ವೆಟರನ್ನು ಮೊಣಕಾಲಿನವರೆಗೆ ಎಳೆದುಕೊಂಡಳು.

“ಅಲ್ಲಿ ನಿನ್ನ ಎದುರಿಗೆ ಏನೇನಿದೆ, ಹೇಳು,” ಎಂದಳು.

ಅಮ್ಮ ಮೂಗು ಒರೆಸಿಕೊಂಡ ಸದ್ದಾಯಿತು. “ಒಂದು ಸೈಕಲ್ಲಿದೆ,” ಎಂದಳು. “ಎದುರುಮನೆ ಹುಡುಗೀದು. ನಿನ್ನಷ್ಟೇ ಇದ್ದಾಳೆ ಅವಳು. ಆಮೇಲೆ ಒಂದು ಗೋಡೆ…”

“ಯಾವ ಬಣ್ಣ?”

“ಇರು, ಸರಿಯಾಗಿ ನೋಡಿ ಹೇಳ್ತೀನಿ,” ಎಂದಳು ಅಮ್ಮ.