ಹನ್ನೊಂದು ನಾಣ್ಯ, ಒಂದೇ ಗೆರೆ

ಮಾರ್ಚ್ ತಿಂಗಳ ಎರಡನೆಯ ಸೋಮವಾರ ಬೆಳಗ್ಗೆ ಲಂಡನ್ನಿನ ಹ್ಯಾರೋ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರಳು ಗುಲಾಬಿ ಆಚಾರ್, ವಯಸ್ಸು ನಲವತ್ತಾರು, ಊರು ಕುಂದಾಪುರ, ಈಗ ಕೆಂಟನ್‌ನಲ್ಲಿ ಕೃತಕ ಹಲ್ಲು ತಯಾರಿಸುವ ಲ್ಯಾಬ್ ನಡೆಸುವವಳು. ದೂರು ಯಾರ ಮೇಲೆ? ಡಾ. ಮಧುಸೂದನ್ ಮೇಲೆ. ಪ್ರಾಚೀನ ನಾಣ್ಯಗಳ ವಿಷಯದಲ್ಲಿ ಅವರು ಹೇಳಿದ್ದೇ ವೇದವಾಕ್ಯ.

ಲಂಡನ್ನಿನಲ್ಲಿ ಎಫ್‌ಐಆರ್ ಎನ್ನುವುದಿಲ್ಲ, ಕ್ರೈಮ್ ನಂಬರ್ ಎನ್ನುತ್ತಾರೆ. ಪಂಚನಾಮೆಗೆ ಪಂಚರನ್ನು ಹುಡುಕಬೇಕಿಲ್ಲ, ಎದೆಗೆ ಸಿಕ್ಕಿಸಿದ ಕ್ಯಾಮೆರಾ ಸಾಕು. ಆದರೆ ಮೋಸ ಹೋದವರ ಮುಖ ಎಲ್ಲ ಊರಲ್ಲೂ ಒಂದೇ, ಅದರಲ್ಲಿ ಸ್ವಲ್ಪ ನಾಚಿಕೆ ಇದ್ದೇ ಇರುತ್ತದೆ ಎಂದು ಡಿಟೆಕ್ಟಿವ್ ಸಾರ್ಜೆಂಟ್ ಜಾಹ್ನವಿ ತಿಳಿದಿದ್ದಳು. ಗುಲಾಬಿಯ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ.

ಗುಲಾಬಿ ಮೇಜಿನ ಮೇಲೆ ಒಂದು ಪುಟ್ಟ ನೀಲಿ ಪ್ಲಾಸ್ಟಿಕ್ ಡಬ್ಬಿ ಇಟ್ಟಳು. ಒಳಗೆ ಸ್ಪಂಜಿನ ಮೇಲೆ ಒಂದು ಬೆಳ್ಳಿ ನಾಣ್ಯ. ಒಂದು ಕಡೆ ಹಡಗು, ಇನ್ನೊಂದು ಕಡೆ ರಥದಲ್ಲಿ ಕೂತ ರಾಜ. ಪ್ರಾಚೀನ ಫಿನೀಷಿಯ ನಾಡಿನ ಸಿಡೋನ್ ಪಟ್ಟಣದ್ದು, ಎರಡು ಸಾವಿರ ವರ್ಷಕ್ಕೂ ಹಳೆಯದು ಎಂದು ಮಧುಸೂದನ್ ಸಹಿ ಹಾಕಿದ ಸರ್ಟಿಫಿಕೇಟ್ ಹೇಳುತ್ತಿತ್ತು.

"ಹರಾಜಲ್ಲಿ ತಗೊಂಡದ್ದು. ಇದು ನಕಲಿ ಮೇಡಂ. ಪರೀಕ್ಷೆ ಮಾಡಿಸಿ ನೋಡಿ."

"ನಿಮ್ಮ ದುಡ್ಡು ವಾಪಸ್ ಬರಬೇಕಾ?"

"ದುಡ್ಡು ಯಾರಿಗೆ ಬೇಕು ಮಾರಾಯ್ರೆ! ಆ ಮನುಷ್ಯ ನಾಲ್ಕು ಜನರ ಮುಂದೆ ನಿಂತು, 'ನಾನು ಹೇಳಿದ್ದು ತಪ್ಪು' ಅನ್ಬೇಕು. ನಂಗೆ ಅಷ್ಟೇ ಸಾಕು."

ದುಡ್ಡು ಬೇಡ ಎನ್ನುವ ದೂರುದಾರಳನ್ನು ಜಾಹ್ನವಿ ತನ್ನ ಹನ್ನೆರಡು ವರ್ಷದ ಸರ್ವೀಸಿನಲ್ಲಿ ನೋಡಿರಲಿಲ್ಲ. ಆದರೂ ದೂರು ಬರೆದುಕೊಂಡು ನಾಣ್ಯವನ್ನು ಪರೀಕ್ಷೆಗೆ ಕಳಿಸಿದಳು.

ಗುರುವಾರ ವರದಿ ಬಂತು. ಬೆಳ್ಳಿ ಇತ್ತೀಚಿನದು, ನಾಣ್ಯ ನಕಲಿ. ಅಷ್ಟರಲ್ಲಿ ಕಾನ್‌ಸ್ಟೆಬಲ್ ಆಕಾಶ್ ಹರಾಜು ಕಂಪನಿಗೆ ಹೋಗಿ ಬಂದಿದ್ದ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಮಾಧಾನ ಹೇಳುವ ಹುಡುಗ ಅವನು. ಅಂಥದೇ ಇನ್ನೂ ಹತ್ತು ನಾಣ್ಯ ಮಾರಾಟವಾಗಿದ್ದವು. ಮಾರಿದವರ ಹೆಸರುಗಳೆಲ್ಲ ಸುಳ್ಳು.

"ಬಟ್ ಸೇಮ್ ಬಾಕ್ಸ್, ಸಾರ್ಜ್," ಎಂದು ಆಕಾಶ್ ಫೋನಿನಲ್ಲಿ ಫೋಟೊ ತೋರಿಸಿದ. "ಲಿಟ್ಲ್ ಬ್ಲೂ ಬಾಕ್ಸ್. ಎವ್ರಿ ಸಿಂಗಲ್ ಒನ್."

ಮಾರಿದವನ ಡಬ್ಬಿಯಲ್ಲೇ ಕೊಂಡವಳು ತಂದಿದ್ದಾಳೆ, ಇದರಲ್ಲೇನಿದೆ ಎಂದುಕೊಂಡು ಜಾಹ್ನವಿ ಮಧ್ಯಾಹ್ನ ಇಲ್ಫರ್ಡ್‌ಗೆ ಹೋದಳು. ಮಧುಸೂದನ್ ಮನೆಯ ಗೋಡೆಯ ಮೇಲೆಲ್ಲ ನಾಣ್ಯಗಳ ಫೋಟೊ. ಬೆಂಗಳೂರಿನವರು, ಮಾತುಗಾರರು.

"ಅಚ್ಚು ಎಣಿಸೋದು ನನ್ನ ಕೆಲಸ ಕಣಮ್ಮ. ಆಗ ಅಚ್ಚನ್ನ ಕೈಯಲ್ಲೇ ಕೆತ್ತುತಿದ್ರು, ಒಂದರ ಥರ ಇನ್ನೊಂದಿರ್ತಿರ್ಲಿಲ್ಲ. ಉಳಿದಿರೋ ನಾಣ್ಯಗಳಲ್ಲಿ ಎಷ್ಟು ಅಚ್ಚು ಕಾಣುತ್ತೆ, ಎಷ್ಟು ಒಂದೇ ಒಂದು ಸಲ ಕಾಣುತ್ತೆ ಅಂತ ನೋಡ್ತೀನಿ. ಒಂದೇ ಸಲ ಕಾಣೋವು ಜಾಸ್ತಿ ಇದ್ರೆ, ನಮ್ಮ ಕಣ್ಣಿಗೆ ಬೀಳದೇ ಇರೋ ಅಚ್ಚುಗಳು ಇನ್ನೂ ಬೇಕಾದಷ್ಟಿವೆ ಅಂತ ಅರ್ಥ. ಒಂದು ಅಚ್ಚಿಂದ ಸಾವಿರಾರು ನಾಣ್ಯ. ಗುಣಿಸಿದ್ರೆ ಸಿಡೋನ್ ಎಷ್ಟು ನಾಣ್ಯ ಹೊಡೀತು ಅನ್ನೋ ಅಂದಾಜು ಸಿಗುತ್ತೆ."

"ಮದುವೆ ಫೋಟೊ ಥರ," ಎಂದಳು ಜಾಹ್ನವಿ. "ಒಂದೇ ಫೋಟೊದಲ್ಲಿ ಕಂಡ ಮುಖಗಳು ಜಾಸ್ತಿ ಇದ್ರೆ, ಯಾವ ಫೋಟೊಗೂ ಸಿಗದೆ ಊಟ ಮಾಡ್ಕೊಂಡು ಹೋದೋರೂ ಜಾಸ್ತಿ."

"ಎಕ್ಸಾಕ್ಟ್ಲಿ!"

ಈ ಹನ್ನೊಂದು ನಾಣ್ಯಗಳು ಅವರಿಗೆ ಕುಬೇರನ ಕೃಪೆಯಂತೆ ಒದಗಿದ್ದವು. ಹಡಗಿನ ಕಡೆ ಹನ್ನೊಂದಕ್ಕೂ ಬೇರೆ ಬೇರೆ ಅಚ್ಚು, ಹಿಂದೆ ಯಾರೂ ಕಾಣದವು. ರಥದ ಕಡೆ ಎಲ್ಲಕ್ಕೂ ಒಂದೇ ಅಚ್ಚು. ಅಂದಾಜು ಒಂದೇ ಏಟಿಗೆ ಮೇಲೇರಿತ್ತು. ಅದರ ಮೇಲೇ ಪುಸ್ತಕ ಬರೆದಿದ್ದರು, ಅದು ಹೋದ ತಿಂಗಳು ಬಿಡುಗಡೆಯೂ ಆಗಿತ್ತು.

"ಹನ್ನೊಂದನ್ನೂ ಕೈಯಲ್ಲಿ ಹಿಡಿದು ನೋಡಿದ್ರಾ ಸರ್?"

"ಹರಾಜಿನವರು ಒಳ್ಳೇ ಫೋಟೊ ಕಳಿಸಿದ್ರು. ರಥದ ಚಕ್ರದ ಪಕ್ಕ ಸಣ್ಣ ಗೆರೆ ಇದೆ ನೋಡಿ, ಅಚ್ಚು ಸೀಳಿದ್ದು. ಹನ್ನೊಂದರಲ್ಲೂ ಅದೇ ಜಾಗದಲ್ಲಿದೆ. ಅದಕ್ಕೇ ಅಸಲಿ ಅಂದೆ."

"ಅಚ್ಚು ಸೀಳಿದ್ರೆ ನಾಣ್ಯದ ಮೇಲೆ ಗೆರೆ ಹೇಗಿರುತ್ತೆ?"

"ಉಬ್ಬಿರುತ್ತೆ. ಬೆಳ್ಳಿ ಬಿರುಕಿನೊಳಗೆ ಹೋಗುತ್ತಲ್ಲ."

ಜಾಹ್ನವಿ ತೆಳ್ಳನೆಯ ಗ್ಲವ್ಸ್ ಕೊಟ್ಟಳು, ನಾಣ್ಯ ಕೊಟ್ಟಳು. "ಗ್ಲವ್ಸ್ ಮೇಲಿಂದಲೇ ಉಗುರಾಡಿಸಿ ನೋಡಿ."

ಉಗುರು ಗೆರೆಯೊಳಗೆ ಸಿಕ್ಕಿಕೊಂಡಿತು. ಗೆರೆ ಉಬ್ಬಿರಲಿಲ್ಲ, ತಗ್ಗಾಗಿತ್ತು. ಫೋಟೊದಲ್ಲಿ ಉಬ್ಬು ತಗ್ಗು ಎರಡೂ ಒಂದೇ ಥರ ಕಾಣುತ್ತವೆ. ಮಧುಸೂದನ್ ಕುರ್ಚಿ ಹುಡುಕಿ ಕೂತರು.

"ಇದು ಯಾವುದೋ ಒಂದು ನಾಣ್ಯಕ್ಕೆ ಆದ ಗಾಯ," ಎಂದರು ಕೊನೆಗೆ. "ಆ ನಾಣ್ಯದಿಂದ ಅಚ್ಚು ತೆಗೆದಿದ್ದಾರೆ. ಗಾಯವೂ ಜೊತೆಗೆ ಬಂದಿದೆ."

"ಆ ಮೂಲ ನಾಣ್ಯ ನೀವು ನೋಡಿದ್ದೀರಾ?"

"ಇಲ್ಲ ಇಲ್ಲ, ನಾನೆಲ್ಲಿ ನೋಡ್ಲಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಆ ಉತ್ತರ. ಜಾಹ್ನವಿ ನೋಟ್‌ಬುಕ್ ತೆರೆದು ಪೆನ್ನು ಹಿಡಿದಳು. ಬರೆದುಕೊಳ್ಳಲು ಕೂತ ಪೊಲೀಸರೆದುರು ವಿದ್ವಾಂಸರು ಹೆಚ್ಚು ಹೊತ್ತು ಮಾತು ತಡೆಯಲಾರರು.

"ಒಂಬತ್ತು ವರ್ಷ ಆಯ್ತು. ಕ್ವೀನ್ಸ್‌ಬರಿಯಲ್ಲಿ ರಾಜ್ಯೋತ್ಸವ. ಮಂಜಯ್ಯ ಆಚಾರ್ ಅಂತ ಒಬ್ಬರು ಅಕ್ಕಸಾಲಿಗರು ಒಂದು ನಾಣ್ಯ ತಂದು ತೋರಿಸಿದ್ರು. ಬೆಳ್ಳಿ ಹೌದೋ ಅಲ್ಲವೋ ಅಂತ ನೋಡೋಕೆ ಅರದಿಂದ ಉಜ್ಜಿ ಗೆರೆ ಎಳೆದಿದ್ರು, ಚಕ್ರದ ಪಕ್ಕ. ನನ್ನ ಪಟ್ಟಿಯಲ್ಲಿ ಇಲ್ಲದ ಅಚ್ಚು. ನಕಲಿ ಅಂದೆ."

"ಅಷ್ಟೇನಾ?"

"ಕೈಯಲ್ಲಿ ಮೈಕ್ ಇತ್ತು. ತಮಾಷೆಗೆ... 'ಏನ್ ಆಚಾರ್ರೆ, ನೀವೇ ಕೂತು ಮಾಡಿದ್ದಾ?' ಅಂದೆ. ಇನ್ನೂರು ಜನ ಇದ್ರು, ಎಲ್ಲ ನಕ್ಕರು."

ಜಾಹ್ನವಿಗೆ ಮೈಯೆಲ್ಲ ಉರಿಯಿತು. ಕಣ್ಣಿಗೆ ಬೀಳದ ಅಚ್ಚುಗಳು ಬೇಕಾದಷ್ಟಿವೆ ಎಂದು ಲೆಕ್ಕ ಹಾಕಿಯೇ ಹೆಸರು ಮಾಡಿದ ಮನುಷ್ಯ, ಅಂಥದೊಂದು ಅಚ್ಚಿನ ನಾಣ್ಯ ಕಣ್ಣೆದುರಿಗೆ ಬಂದಾಗ ನಕ್ಕುಬಿಟ್ಟಿದ್ದ. ಅಲ್ಲಿ ಕೂತಿದ್ದ ಇನ್ನೂರು ಜನ ಅವನ ಜೊತೆ ನಕ್ಕಿದ್ದರು.

ಹಿಂತಿರುಗುವಾಗ ಟ್ರೈನಿನಲ್ಲಿ ಜಾಹ್ನವಿಗೆ ಆಚಾರ್ ಎಂಬ ಹೆಸರೂ ನೀಲಿ ಡಬ್ಬಿಯೂ ಒಟ್ಟಿಗೆ ತಲೆಗೆ ಬಂದವು. ಹೋದ ವರ್ಷ ತಾನು ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿದಾಗ, ಲ್ಯಾಬಿನಿಂದ ಆ ಕ್ಯಾಪ್ ಬಂದದ್ದು ಅಂಥದೇ ಡಬ್ಬಿಯಲ್ಲಿ. ಹರಾಜಿಗೆ ಬಂದ ಹನ್ನೊಂದೂ ಹಲ್ಲಿನ ಲ್ಯಾಬಿನ ಡಬ್ಬಿಗಳೇ. ಗುಲಾಬಿಯ ಲ್ಯಾಬಿನಲ್ಲಿ ಅಂಥವು ರಾಶಿ ಬಿದ್ದಿರುತ್ತವೆ.

ಮರುದಿನ ಬೆಳಗ್ಗೆ ಜಾಹ್ನವಿ, ಆಕಾಶ್ ವಾರಂಟ್ ಹಿಡಿದು ಕೆಂಟನ್‌ಗೆ, ಗುಲಾಬಿಯ ಲ್ಯಾಬಿಗೆ ಹೋದರು. ಹಲ್ಲಿನ ಅಳತೆ ತೆಗೆಯುವ ಸ್ಕ್ಯಾನರ್, ಗಟ್ಟಿ ಲೋಹ ಕೊರೆಯುವ ಯಂತ್ರ, ಅಚ್ಚು ಒತ್ತುವ ಒಂದು ಪ್ರೆಸ್. ಕಪಾಟಿನಲ್ಲಿ ಹಡಗಿನ ಹನ್ನೊಂದು ಅಚ್ಚು, ರಥದ್ದು ಒಂದು. ದೇವರ ಗೂಡಿನಲ್ಲಿ, ಕುಂಕುಮದ ಭರಣಿಯೊಳಗೆ, ಮಂಜಯ್ಯನ ನಾಣ್ಯ. ಜಾಹ್ನವಿ ಬಂಧನದ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದಳು. ಹೇಳಿದ್ದೆಲ್ಲ ಸಾಕ್ಷಿಯಾಗುತ್ತದೆ ಎಂದು ಕನ್ನಡದಲ್ಲೂ ಎಚ್ಚರಿಸಿದಳು.

"ಆಗ್ಲಿ. ಸಾಕ್ಷಿ ಆಗ್ಲಿ ಅಂತಲೇ ಮಾಡಿದ್ದು," ಎಂದಳು ಗುಲಾಬಿ. "ನೀವೇ ಕೂತು ಮಾಡಿದ್ದಾ ಅಂತ ಕೇಳಿದ್ರಲ್ಲ? ನಾವು ಕೂತು ಮಾಡಿದ್ರೆ ಹೇಗಿರ್ತದೆ ಅಂತ ತೋರಿಸಿದೆ. ಅಸಲಿಯನ್ನ ನಕಲಿ ಅಂದ ಬಾಯಲ್ಲಿ ನಕಲಿಯನ್ನ ಅಸಲಿ ಅಂತ ಹೇಳಿಸಿದೆ."

"ದೂರನ್ನೂ ನೀವೇ ಕೊಟ್ಟಿರಿ."

"ಒಂದು ನಾಣ್ಯ ಹರಾಜಲ್ಲಿ ನಾನೇ ವಾಪಸ್ ತಗೊಂಡು, ಪುಸ್ತಕ ಬರೋವರೆಗೆ ಕಾದೆ. ಮತ್ತೆ ನಕಲಿ ಅಂತ ಯಾರಾದ್ರೂ ಹೇಳ್ಬೇಕಲ್ಲ."

"ಕಂಪ್ಯೂಟರಲ್ಲಿ ಆ ಗೆರೆ ಅಳಿಸಬಹುದಿತ್ತಲ್ವಾ?"

"ಎರಡು ಕ್ಲಿಕ್ಕಿನ ಕೆಲಸ." ಗುಲಾಬಿ ಕುಂಕುಮದ ಭರಣಿಯ ಕಡೆ ನೋಡಿದಳು. "ಅಪ್ಪಯ್ಯನ ಕೈ ಗುರುತು ಅದು. ಅಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಯಾರು ಮಾಡಿದ್ದು ಅಂತ ಆ ಮನುಷ್ಯನಿಗೂ ಗೊತ್ತಾಗ್ಬೇಕಿತ್ತು. ಡಬ್ಬಿ ಮಾತ್ರ ನನ್ನ ದಡ್ಡತನ."

ಆ ರಾಜ್ಯೋತ್ಸವದ ನಂತರ ಮಂಜಯ್ಯನ ಅಂಗಡಿಗೆ ಯಾರೂ ಚಿನ್ನ ತರಲಿಲ್ಲ. ಕಳ್ಳ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕಿತ್ತುಹೋದ ಸರವನ್ನು ಬೆಸೆಯಲು ಬೇರೆ ಕಡೆ ಕೊಟ್ಟರು. ಎರಡು ವರ್ಷಕ್ಕೆ ಅಂಗಡಿಯೂ ಮುಚ್ಚಿತು, ಅವರೂ ಹೋದರು. ಹೋಗುವ ಮೊದಲು ಮಗಳನ್ನು ಕೇಳಿದ ಕೊನೆಯ ಮಾತು, "ಅದು ಅಸಲಿ ಅಲ್ವಾ ಮಗಾ?"

ಏಪ್ರಿಲ್‌ನಲ್ಲಿ ಆರೋಪ ಹೊರಿಸಲು, ಜಾಮೀನಿನ ಮೇಲಿದ್ದ ಗುಲಾಬಿಯನ್ನು ಠಾಣೆಗೆ ಕರೆಸಿದರು. ಅಷ್ಟರಲ್ಲಿ ಭರಣಿಯ ನಾಣ್ಯದ ವರದಿಯೂ ಬಂದಿತ್ತು. ಹಳೆಯ ಬೆಳ್ಳಿ, ಅಚ್ಚಿನ ಪೆಟ್ಟೂ ಹಳೆಯದು, ನಾಣ್ಯ ಅಸಲಿ.

"ನಿಮ್ಮ ತಂದೆಯವರ ನಾಣ್ಯ ಅಸಲಿ ಅಂತ ಮಧುಸೂದನ್ ಒಪ್ಪಿಕೊಂಡರು," ಎಂದಳು ಜಾಹ್ನವಿ.

"ಯಾರ ಮುಂದೆ?"

"ನನ್ನ ಮುಂದೆ. ಈ ರೂಮಿನಲ್ಲಿ."

"ಬಾಗಿಲು ಹಾಕ್ಕೊಂಡು," ಎಂದಳು ಗುಲಾಬಿ.

ಪಕ್ಕದಲ್ಲಿದ್ದ ಅವಳ ವಕೀಲರು, ಅಂದರೆ ಸಾಲಿಸಿಟರ್, ತಪ್ಪೊಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತದೆ, ಬಹುಶಃ ಜೈಲೂ ತಪ್ಪುತ್ತದೆ ಎಂದು ಬಿಡಿಸಿ ಹೇಳಿದರು. ಗುಲಾಬಿ ಪೂರ್ತಿ ಕೇಳಿಸಿಕೊಂಡಳು.

"ಒಪ್ಪಿಕೊಂಡ್ರೆ ಆ ಮನುಷ್ಯ ಕೋರ್ಟಿಗೆ ಬರ್ಬೇಕಾ?"

ಬೇಕಿಲ್ಲ ಎಂದರು ಸಾಲಿಸಿಟರ್. ಒಪ್ಪದಿದ್ದರೆ ಬರಬೇಕು. ಮೋಸ ಹೋದವರಲ್ಲಿ ಅವರೇ ಮೊದಲಿಗರು. ಹನ್ನೊಂದು ನಾಣ್ಯ ಯಾವುದರ ನಕಲು ಎಂದು ಕೇಳುತ್ತಾರೆ. ಪ್ರಮಾಣ ಮಾಡಿ, ತುಂಬಿದ ಕೋರ್ಟಿನಲ್ಲಿ, ಮೂಲ ನಾಣ್ಯ ಅಸಲಿ ಎಂದು ಅವರೇ ಹೇಳಬೇಕಾಗುತ್ತದೆ. ಆದರೆ ಅದಕ್ಕಾಗಿ ಜೈಲಿಗೆ ಹೋಗುವುದು ಹುಚ್ಚುತನ.

"ಹಾಗಾದ್ರೆ ನಾನು ಒಪ್ಪುದಿಲ್ಲ," ಎಂದು ಗುಲಾಬಿ ಸೆರಗು ಹೊದೆಯುವಷ್ಟು ಜತನದಿಂದ ಕೋಟು ಸರಿಮಾಡಿಕೊಂಡು ಎದ್ದಳು. ಬಾಗಿಲ ಹತ್ತಿರ ಜಾಹ್ನವಿಯ ಕಡೆ ತಿರುಗಿದಳು.

"ಅಲ್ಲಿ ಮೈಕ್ ಉಂಟಾ ಮೇಡಂ?"

"ಇದೆ," ಎಂದಳು ಜಾಹ್ನವಿ.